ಗಿರಣಿಯವರ ಮಗಳ ಪುಸ್ತಕ

ಬೆಚ್ಚಿಬೀಳಬೇಕಾದರೆ ದೂರ ಹೋಗಬೇಕು ಅಂತ ನಾನು ಬಹಳ ವರ್ಷ ನಂಬಿದ್ದೆ. ಅದಕ್ಕಾಗಿಯೇ ಕಲ್ಕತ್ತಾ, ಶಿಲ್ಲಾಂಗ್, ಕಠ್ಮಂಡು ಅಂತ ಸಿಕ್ಕ ಸಿಕ್ಕ ಗಾಡಿ ಹತ್ತಿದೆ. ಎಲ್ಲೂ ಏನೂ ಆಗಲಿಲ್ಲ. ಆಮೇಲೆ ಧಾರವಾಡದ ಒಂದು ಸಣ್ಣ ಪ್ರಕಾಶನದಲ್ಲಿ ಕೆಲಸಕ್ಕೆ ಸೇರಿ ಸಿಂಧನೂರು, ಮಸ್ಕಿ, ಲಿಂಗಸುಗೂರು ತಿರುಗತೊಡಗಿದೆ ನೋಡಿ, ವಾರಕ್ಕೊಮ್ಮೆಯಾದರೂ ಎದೆ ಹಿಡಿದುಕೊಂಡು ಕೂರುವ ಪಾಳಿ ಬಂತು.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಪ್ರಕಾಶಕರು ಅರವತ್ತೆಂಟರ ಹಿರಿಯರು. ತಲೆಯ ಮೇಲೆ ಕೂದಲಿರಲಿಲ್ಲ, ತಲೆಯೊಳಗೆ ಹೊಸ ಹೊಸ ಯೋಜನೆಗಳಿಗೆ ಬರವಿರಲಿಲ್ಲ. ಹದಿಮೂರರಿಂದ ಹತ್ತೊಂಬತ್ತು ವಯಸ್ಸಿನವರು ಓದಲೆಂದೇ ಒಂದು ಪುಸ್ತಕ ಮಾಲೆ ಶುರು ಮಾಡಿದ್ದರು. ಅಷ್ಟೇ ಅಲ್ಲ, ಅದೇ ವಯಸ್ಸಿನವರು ಬರೆದ ಒಂದು ಹಸ್ತಪ್ರತಿಯನ್ನು ವರ್ಷಕ್ಕೊಮ್ಮೆ ಆರಿಸಿ ಪುಸ್ತಕ ಮಾಡುವುದಾಗಿ ಸಾರಿಬಿಟ್ಟಿದ್ದರು. ಸಾರಿದ್ದು ಅವರು, ಹುಡುಕುವುದು ನನ್ನ ಕೆಲಸ. ಆ ವರ್ಷದ ಪುಸ್ತಕದ ತುದಿಗೆ ಮಸ್ಕಿಯ ಒಬ್ಬ ಹುಡುಗಿಯ ಕಾಲೇಜು ಜೋತುಬಿದ್ದಿತ್ತು. ಆ ಪುಸ್ತಕ ಹೊರಬರುವಷ್ಟರಲ್ಲಿ ನನ್ನ ಆಯುಷ್ಯ ಹತ್ತು ವರ್ಷ ಸವೆಯಿತು.

ಮೂವತ್ತೆಂಟು ಕತೆ, ನಲವತ್ತೊಂದು ಹೆಣ

ಮೊದಲು ಸಿಂಧನೂರಿನ ಒಂದು ಹೈಸ್ಕೂಲಿಗೆ ಹೋದೆ. ಹೆಡ್‌ಮಾಸ್ತರರು ಉತ್ಸಾಹಿಗಳು. "ಚಿಂತಿ ಬಿಡ್ರಿ ಮೇಡಂ, ಮುಂದಿನ ಸೋಮವಾರ ಬರ್ರಿ, ಕತಿಗಳ ಗಂಟು ಕಟ್ಟಿ ಇಟ್ಟಿರ್ತೀನಿ" ಅಂದರು. ಇಟ್ಟಿದ್ದರು ಕೂಡ. ಮೂವತ್ತೆಂಟು ಕತೆಗಳು, ಸೆಣಬಿನ ದಾರದಲ್ಲಿ ಕಟ್ಟಿ.

ಅಲ್ಲೇ ಆಫೀಸಿನಲ್ಲಿ ಕೂತು ಓದತೊಡಗಿದೆ. ಮೊದಲ ಕತೆಯಲ್ಲಿ ತಾಯಿ ಸತ್ತಳು. ಎರಡನೆಯದರಲ್ಲಿ ತಂಗಿ. ಹತ್ತನೆಯ ಕತೆ ಮುಗಿಯುವಾಗ ನನಗೆ ಬೆವರು ಬಂತು. ಎಡದಂಡೆ ಕಾಲುವೆಗೆ ಬಿದ್ದವರು, ಹಾವು ಕಚ್ಚಿದವರು, ಭತ್ತದ ಲಾರಿಗೆ ಸಿಕ್ಕವರು. ಒಬ್ಬ ಅಜ್ಜನಂತೂ ಒಂದನೇ ಪುಟದಲ್ಲಿ ಸತ್ತು, ಮೂರನೇ ಪುಟದಲ್ಲಿ ಮರೆತು ಎದ್ದು ಉಂಡು, ಕಡೆಗೆ ಮತ್ತೆ ಸತ್ತಿದ್ದ. ಒಟ್ಟು ನಲವತ್ತೊಂದು ಹೆಣ.

"ಸರ್, ಊರಲ್ಲಿ ಏನಾದರೂ ಆಗಿದೆಯೇ?" ಅಂತ ಕೇಳಿದೆ.

"ಏನೂ ಇಲ್ರೀ. ನಾನ ಹೇಳೀನಿ. ಬಹುಮಾನ ಬರಬೇಕಂದ್ರ ಓದಿದವರ ಕಣ್ಣಾಗ ನೀರು ಬರಬೇಕು, ನೀರು ಬರಬೇಕಂದ್ರ ಒಬ್ಬರರ ಸಾಯಬೇಕು ಅಂತ."

ಮೂವತ್ತೆಂಟನೆಯ ಕತೆಯಲ್ಲಿ ಸತ್ತವರು ಹೆಡ್‌ಮಾಸ್ತರರು. ಹೆಸರು, ಕನ್ನಡಕ, ಸೈಕಲ್ಲು ಎಲ್ಲ ಇವರದೇ. ಬರೆದವನು ಸಾಲಗುಂದದಿಂದ ಬರುವ ಒಂಬತ್ತನೆಯ ಇಯತ್ತೆಯವನು. ಕರೆಸಿದರು. ಹೆಡ್‌ಮಾಸ್ತರರ ಮುಖ ಸುಣ್ಣ ಬಳಿದಂತಾಗಿತ್ತು.

"ಯಾಕಲೇ, ನಾ ಏನ ಮಾಡಿದ್ನಿ ನಿನಗ?"

ಅವನು ಕೈಕಟ್ಟಿ ನಿಂತು, ಬಹಳ ವಿನಯದಿಂದ ಹೇಳಿದ: "ಯಾರನ್ನರ ಸಾಯಿಸಬೇಕು ಅಂದ್ರೆಲ್ರೀ ಸರ್. ಮನ್ಯಾಗಿನವ್ರನ್ನ ಸಾಯಿಸಾಕ ಮನಸ್ಸು ಬರಲಿಲ್ರೀ."

ಚೌಕಟ್ಟು

ಹೆಣಗಳ ಗಂಟು ಹೊತ್ತು ಧಾರವಾಡಕ್ಕೆ ಮರಳಿದರೆ ಮಸ್ಕಿಯಿಂದ ಟಪಾಲಿನಲ್ಲಿ ಒಂದು ದಪ್ಪ ನೋಟ್‌ಬುಕ್ ಬಂದಿತ್ತು. ಅದರಲ್ಲಿ ಒಬ್ಬರೂ ಸತ್ತಿರಲಿಲ್ಲ. ಒಂದು ಹಿಟ್ಟಿನ ಗಿರಣಿ. ಪಾಳಿ ಹಚ್ಚಿ ನಿಂತ ಹೆಂಗಸರು, ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳದೆಂದು ನಂಬಿ, ತಮ್ಮ ತಮ್ಮ ಅತ್ತೆಯರ ಗುಟ್ಟುಗಳನ್ನು ಒಬ್ಬರ ಕಿವಿಯಲ್ಲಿ ಒಬ್ಬರು ಒದರುತ್ತಾರೆ. ಒಂದು ದಿನ ಕರೆಂಟು ಹೋಗಿ ಗಿರಣಿ ತಟ್ಟನೆ ನಿಲ್ಲುತ್ತದೆ. ಆಗ ಒಬ್ಬಾಕೆ ಒದರುತ್ತಿದ್ದ ಮಾತು ಇಡೀ ಓಣಿಗೆ ಕೇಳಿಸುತ್ತದೆ. ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಪ್ರಕಾಶಕರು ಒಂದೇ ಸಲ ಓದಿ, "ಇದೇ" ಅಂದರು.

ಕಳಿಸಿದವರ ಹೆಸರು ಗಂಡಸಿನದು. 'ಪ್ರಿಯ ಎಳೆಯ ಗೆಳೆಯಾ' ಅಂತ ಶುರು ಮಾಡಿ ಹೊಗಳಿ ಪತ್ರ ಬರೆದೆ. ವಾರ ಬಿಟ್ಟು ಮಸ್ಕಿಗೆ ಹೋದೆ.

ಎಳೆಯ ಗೆಳೆಯನಿಗೆ ಐವತ್ತು ದಾಟಿತ್ತು. ಗಿರಣಿಯ ಮಾಲೀಕ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟು. ನನ್ನ ಪತ್ರಕ್ಕೆ ಕನ್ನಡಿ ಚೌಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿ, ಊದಿನಕಡ್ಡಿ ಸಿಕ್ಕಿಸಿದ್ದರು.

"ಬರ್ರಿ ಅಕ್ಕಾರ. ನಾನು ಕತಿ ಬರದೀನಂತ ಪೋಸ್ಟ್‌ಮನ್ ಓದಿ ಹೇಳೂತನಾ ನನಗ ಗೊತ್ತ ಇರಲಿಲ್ಲ ನೋಡ್ರಿ!"

"ನೀವು ಅದನ್ನು ಓದಿಲ್ಲವೇ?"

"ಬರದವ ನಾನ ಅಂದಮ್ಯಾಲ ಓದೂದೇನೈತ್ರೀ?"

ಆಗ ಒಳಬಾಗಿಲಿನಿಂದ ಹದಿನಾರರ ಹುಡುಗಿ ಬಂದಳು. ಅವರ ಮಗಳು, ಆ ವರ್ಷವೇ ಎಸ್ಸೆಸ್ಸೆಲ್ಸಿ ಪಾಸಾದವಳು. "ಅಪ್ಪಾ, ಅದು ನಾ ಬರದದ್ದು. ನನ್ನ ಹೆಸರಿಗೆ ಟಪಾಲು ಬಂದ್ರ ನಿನಗ ಸಿಟ್ಟು. ನಿನ್ನ ಹೆಸರಿಗೆ ಬಂದ್ರ ಓದಾಕ ನನ್ನ ಕೈಯಾಗ ಕೊಡ್ತಿ. ಅದಕ್ಕ ಹಂಗ ಮಾಡಿದ್ನಿ. ಈ ಸಲ ನೀ ಪೋಸ್ಟ್‌ಮನ್ ಕೈಲೆ ಓದಿಸಿಬಿಟ್ಟಿ."

ಗಿರಣಿಯವರು ಚೌಕಟ್ಟನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಈಕಿ ಲಿಂಗಸುಗೂರಾಗ ಕಾಲೇಜಿಗೆ ಹೋಗ್ತೀನಂತ ಕುಂತಾಳ್ರೀ. ನಾ ಮುದಗಲ್ಲಿನವರಿಗೆ ಮಾತು ಕೊಟ್ಟು ಕುಂತೀನಿ. ಅವರು ಹೂಂ ಅಂದ್ರ ಈ ಹಂಗಾಮಿನ್ಯಾಗ ಮದುವಿ. ಇದರಾಗ ಪುಸ್ತಕ ಬ್ಯಾರೆ!"

ಹದಿನಾರಕ್ಕೆ ಮದುವೆಯೇ ಅಂತ ನಾನು ಬಾಯಿ ಬಿಟ್ಟೆ. "ತಡಾನ ಆತ್ರೀ" ಅಂದರು. ಕಾಲೇಜಿನ ಅರ್ಜಿ ಅವಳು ಯಾವಾಗಲೋ ತುಂಬಿ ಇಟ್ಟುಕೊಂಡಿದ್ದಳು, ಅಪ್ಪನ ದಸ್ಕತ್ತಿನ ಜಾಗವೊಂದೇ ಖಾಲಿ. ಪುಸ್ತಕದ ಒಪ್ಪಿಗೆ ಪತ್ರಕ್ಕೂ ಅದೇ ದಸ್ಕತ್ತು ಬೇಕು. ಎರಡು ತಾಸು ವಾದ ಮಾಡಿದೆ. ಕಡೆಗೆ ಅವರು, "ಇಂಥಾ ಪುಸ್ತಕ ಮಂದಿ ಓದ್ತಾರಂತ ನನ್ನ ಕಣ್ಣಿಗೆ ತೋರಸ್ರಿ, ಪುಸ್ತಕಕ್ಕ ದಸ್ಕತ್ ಮಾಡ್ತೀನಿ. ಕಾಲೇಜು ಮಾತ್ರ ಮುದಗಲ್ಲಿನವರ ಮರ್ಜಿ" ಅಂದರು.

ಹೊರಡುವಾಗ ನಾನು ಗೋಡೆಯ ಪತ್ರ ಕೇಳಿದೆ. ಮಗಳ ಹೆಸರಿಗೆ ಬೇರೆ ಬರೆದುಕೊಡಬೇಕಲ್ಲ.

"ಅದನ್ನ ಮಾತ್ರ ಮುಟ್ಟಬ್ಯಾಡ್ರಿ. ಊರಾಗ ಎಲ್ಲರೂ ನೋಡಿ ಹೋಗ್ಯಾರ. ಮಗಳು ಬರೀಲಿ, ಬ್ಯಾಡ ಅನ್ನೂದಿಲ್ಲ. ಆದರ ಲೇಖಕ ನಾನ."

ಬುಡಕ್ಕಿಟ್ಟ ಪುಸ್ತಕ

ತೋರಿಸಲೆಂದು ಗಿರಣಿಯವರನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಪುಸ್ತಕದ ಡಬ್ಬಿ ಅಂಗಡಿಗೆ ನಮ್ಮ ಮಾಲೆಯ ಮೊದಲ ಕಾದಂಬರಿ ಕೊಟ್ಟಿದ್ದೆ. ಹಳ್ಳಿ ಹುಡುಗಿಯೊಬ್ಬಳು ಗಣಿತದಲ್ಲಿ ಫೇಲಾಗಿ, ಹಟ ಹಿಡಿದು ಓದಿ ಪಾಸಾಗುವ ಕತೆ.

ಅಂಗಡಿಯಲ್ಲಿ ಎಲ್ಲಿ ನೋಡಿದರೂ ನಮ್ಮ ಪುಸ್ತಕ ಕಾಣಲಿಲ್ಲ.

"ಎಲ್ಲಾ ಖಲಾಸ್ ಆಗ್ಯಾವ್ರೀ ಮೇಡಂ, ಒಂದ ಉಳದೈತಿ. ಮಾಲು ಭಾಳ ಗರಂ ಐತಿ" ಅಂದ ಅಂಗಡಿಯವನು. ಗಿರಣಿಯವರ ಕಡೆ ನಾನು ಹೆಮ್ಮೆಯಿಂದ ನೋಡಿದೆ.

"ಮುಂದೆ ಇಟ್ಟಿಲ್ಲವಲ್ಲ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅಂಥಾವ ಮುಂದ ಇಡ್ತಾರೇನ್ರೀ?" ಕಾಲ ಬುಡದಿಂದ ಒಂದು ಕಟ್ಟು ತೆಗೆದ. ಹಳೇ ಪೇಪರಿನಲ್ಲಿ ಸುತ್ತಿ, ನಾಲ್ಕು ಕಡೆ ಪಿನ್ನು ಹೊಡೆದಿತ್ತು. "ಮಕ್ಕಳಿಗಲ್ಲ, ಹರೇದವರಿಗೆ ಅಂತ ನೀವ ಮ್ಯಾಲ ಛಾಪ್ಸೀರಿ. ನನಗ ತಿಳೀದೇನ್ರೀ ಎಂಥಾದ್ದಂತ? ಗಿರಾಕಿಗಳೆಲ್ಲಾ ಮರ್ಯಾದಸ್ತರು, ಚೀಲದಾಗ ಮುಚ್ಚಿಕೊಂಡು ಒಯ್ದಾರ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಬಿಳೀ ಟೊಪ್ಪಿಗೆ, ಧೋತರದ ಹಿರಿಯರೊಬ್ಬರು ಪುಸ್ತಕ ಹಿಡಿದು ದಡದಡ ಬಂದರು.

"ಏನಲೇ ಇದು? ಮೊದಲನೇ ಪುಟದಾಗ ಹುಡುಗಿ ಲೆಕ್ಕದಾಗ ಫೇಲು! ಇರಲಿ, ಮುಂದ ಏನರ ಆದೀತಂತ ಓದಿದೆ. ಐವತ್ತು ಪುಟಕ್ಕ ಟ್ಯೂಷನ್ನಿಗೆ ಹೊಂಟಳು. ಈಗರ ಏನರ ಆದೀತಂತ ಓದಿದೆ. ಬೀಜಗಣಿತ ಕಲಿತಳು! ಕಡೀಕ ಪಾಸಾದಳು!"

"ಸಿಟ್ಟಾಗಬ್ಯಾಡ್ರಿ, ರೊಕ್ಕ ವಾಪಸ್ ಕೊಡ್ತೀನ್ರೀ" ಅಂದ ಅಂಗಡಿಯವನು.

"ರೊಕ್ಕ ಯಾರಿಗೆ ಬೇಕು? ಮುಂದ ಇಂಜಿನಿಯರ್ ಆದಳೋ ಇಲ್ಲೋ ಅದನ್ನ ಹೇಳು. ನನ್ನ ಹೆಂಡತಿ, ಎರಡನೇ ಭಾಗ ತರಲಿಲ್ಲಂದ್ರ ಮನಿಗೆ ಬರಬ್ಯಾಡ ಅಂದಾಳ."

ಗಿರಣಿಯವರು ಅಲ್ಲೇ ಪೆನ್ನು ಕೇಳಿ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ದಸ್ಕತ್ ಹಾಕಿದರು. ಹಾಕಿ, ಒಂದೇ ಶರತ್ತು ಹೇಳಿದರು: "ನಮ್ಮದು ಇಜ್ಜತಿನ ಮನೆತನ. ಪಿನ್ನು ಹೊಡೀಬಾರದು."

ಗಣಪತಿ ಚಂದ ಬಂದಾನ

ಪುಸ್ತಕ ಅಚ್ಚಾಯಿತು. ಬಿಡುಗಡೆ ಮಸ್ಕಿಯಲ್ಲೇ, ಗಿರಣಿಯ ಮುಂದೆ, ಎಂದು ತೀರ್ಮಾನವಾಯಿತು. ಆಮಂತ್ರಣದ ಒಕ್ಕಣೆಯನ್ನು ಸಿಂಧನೂರಿನ ಒಂದು ಪ್ರೆಸ್ಸಿಗೆ ಕೊಟ್ಟು, ಕಾರ್ಡು ಗಿರಣಿಯವರಿಗೆ ತಲುಪಿಸಲು ಹೇಳಿ, ನಾನು ಒಂದು ತಿಂಗಳು ಅಸ್ಸಾಮಿನ ಕಡೆ ಹೋಗಿಬಿಟ್ಟೆ. ಒಂದೇ ಕಡೆ ಕೂರಲಾರದ ರೋಗ, ಏನು ಮಾಡುವುದು.

ಬಿಡುಗಡೆಯ ದಿನ ಬೆಳಿಗ್ಗೆ ನೇರವಾಗಿ ಮಸ್ಕಿಗೆ ಬಂದಿಳಿದೆ. ಗಿರಣಿಯ ಮುಂದೆ ಹಂದರ. ಬಾಳೆಕಂಬ. ಬಾಜಾ ಭಜಂತ್ರಿ. ಹಿತ್ತಾಳೆ ಕೊಡ ಹೊತ್ತ ಒಬ್ಬ ಹೆಂಗಸು ನನ್ನನ್ನೇ ತಡೆದು ಕೇಳಿದಳು: "ಆಯೇರಿ ಎಲ್ಲಿ ಕೊಡೂದ್ರೀ?"

ಆಯೇರಿ ಅಂದರೆ ಮದುವೆಗೆ ಬಂದವರು ಕೊಡುವ ಉಡುಗೊರೆ. ನಾನು ಅವಳ ಕೈಯಲ್ಲಿದ್ದ ಕಾರ್ಡು ಇಸಿದುಕೊಂಡೆ. ಹಳದಿ ಕಾರ್ಡು. ಮೇಲೆ ಗಣಪತಿ. ಎಡಗಡೆ 'ಚಿ. ಸೌ.' ಅಂತ ಗಿರಣಿಯವರ ಮಗಳ ಹೆಸರು. ಬಲಗಡೆ 'ಚಿ. ರಾ.' ಅಂತ ನಮ್ಮ ಪ್ರಕಾಶಕರ ಹೆಸರು. ನಡುವೆ ಶುಭಮುಹೂರ್ತ.

ಪ್ರೆಸ್ಸಿನವನೂ ಸ್ಟೀಲಿನ ಡಬ್ಬಿ ಹಿಡಿದು ಊಟಕ್ಕೆ ಬಂದಿದ್ದ. ಹಿಡಿದು ನಿಲ್ಲಿಸಿದೆ.

"ಒಂದು ಹುಡುಗಿ ಹೆಸರೈತಿ, ಒಂದು ಗಂಡಸಿನ ಹೆಸರೈತಿ, ತಾರೀಖೈತಿ, ಊಟ ಐತಿ. ಇದಕ್ಕ ನಮ್ಮ ಕಡೆ ಮತ್ತೇನಂತಾರ್ರೀ?"

"ಪುಸ್ತಕ ಬಿಡುಗಡೆ ಅಂತ ಬರೆದುಕೊಟ್ಟಿದ್ದೆನಲ್ಲ!"

"ಹಾಕೀನಲ್ರೀ, ಕೆಳಗ ಸಣ್ಣಕ್ಷರದಾಗ. ವರದಕ್ಷಿಣಿ ಇರಬೇಕಂತ ಮಾಡಿದ್ನಿ."

ಹಂದರದೊಳಗೆ ನಮ್ಮ ಪ್ರಕಾಶಕರು ಕುರ್ಚಿಯಲ್ಲಿ ಕೂತಿದ್ದರು. ಐದು ಜನ ಮುತ್ತೈದೆಯರು ಹಾಡು ಹೇಳುತ್ತ ಅವರ ಬೋಳು ತಲೆಗೆ ಅರಿಷಿಣ ಹಚ್ಚುತ್ತಿದ್ದರು. ಅವರು ಗದ್ಗದಿತರಾಗಿದ್ದರು. "ನೋಡವಾ, ಮೂವತ್ತು ವರ್ಷದಿಂದ ಪುಸ್ತಕ ಬಿಡುಗಡೆ ಮಾಡಾಕತ್ತೀನಿ. ಸಾಹಿತ್ಯಕ್ಕ ಇಷ್ಟು ಮರ್ಯಾದಿ ಎಲ್ಲೂ ಸಿಕ್ಕಿರಲಿಲ್ಲ."

ಗಿರಣಿಯವರಿಗೆ ಓದು ಅಷ್ಟಕ್ಕಷ್ಟೇ. 'ಗಣಪತಿ ಚಂದ ಬಂದಾನ' ಅಂತ ಮೆಚ್ಚಿ ಊರೆಲ್ಲ ಹಂಚಿಸಿದ್ದರು. ಆದರೆ ಮಗಳು? ಅವಳನ್ನು ಗಿರಣಿಯ ಹಿಂದೆ ಕರೆದುಕೊಂಡು ಹೋದೆ.

"ನೀನಾದರೂ ಕಾರ್ಡು ನೋಡಲಿಲ್ಲವೇನೇ?"

"ಬಂದ ದಿನಾನ ನೋಡೀನ್ರೀ ಅಕ್ಕಾರ."

"ಮತ್ತೆ ಹೇಳಲಿಲ್ಲ ಯಾಕೆ?"

ಅವಳು ಲಂಗದ ಮೇಲಿನ ಹಿಟ್ಟು ಝಾಡಿಸಿಕೊಂಡಳು. "ಮುದಗಲ್ಲಿಗೂ ಒಂದು ಹೋಗಿ ಮುಟ್ಟಲಿ ಅಂತ ಸುಮ್ಮನಿದ್ನಿ."

ಒಪ್ಪಿಸಿಕೊಟ್ಟದ್ದು

ಮುಟ್ಟಿತ್ತು. ಪುಸ್ತಕದ ಕಟ್ಟು ಬಿಚ್ಚಿ, ಜನ ಪ್ರಕಾಶಕರ ಮೇಲೂ ಹುಡುಗಿಯ ಮೇಲೂ ಅಕ್ಷತೆ ಎರಚುತ್ತಿದ್ದಂತೆ ಮುದಗಲ್ಲಿನವರ ಜೀಪು ಬಂದು ನಿಂತಿತು. ಹುಡುಗನ ಅಪ್ಪ ಇಳಿದವರೇ ಪ್ರಕಾಶಕರ ಅರಿಷಿಣದ ತಲೆ ನೋಡಿ ಒದರಿದರು: "ನಮ್ಮ ಹುಡುಗಗ ಮಾತು ಕೊಟ್ಟು, ಈ ಮುದುಕಗ ಕೊಟ್ಟೀರೇನು?"

ಕೈಮುಗಿದು ಎಲ್ಲ ಬಿಡಿಸಿ ಹೇಳಿದೆ. ಇದು ಮದುವೆಯಲ್ಲ, ಹುಡುಗಿ ಬರೆದ ಪುಸ್ತಕದ ಬಿಡುಗಡೆ ಅಂತ. ಅವರ ಮುಖ ಸಡಿಲಾಯಿತು. ಹೇಳಿದ ಮೇಲೆ ನನಗೆ ಹೊಳೆಯಿತು: ಎಲ್ಲ ಸರಿಹೋಗಿಬಿಟ್ಟರೆ ಆ ಹುಡುಗಿಯ ಗತಿ? ಅಷ್ಟರಲ್ಲಿ ಹುಡುಗನ ತಾಯಿ ಕೇಳಿದರು, "ಏನ ಬರದಾಳಂತ?"

ಓಣಿಯ ಒಬ್ಬಾಕೆ ಉತ್ಸಾಹದಿಂದ ಹೇಳಿದಳು: "ಗಿರಣ್ಯಾಗ ಸೊಸ್ತೇರು ಅತ್ತಿ ಮ್ಯಾಲ ಆಡಿದ ಮಾತೆಲ್ಲಾ ಬರದಾಳ್ರೀ. ಒಂದು ಅಕ್ಷರ ಬಿಟ್ಟಿಲ್ಲ!"

ಆ ತಾಯಿ ಗಂಡನ ಕಡೆ ತಿರುಗಿದರು. "ಜೀಪು ಚಾಲೂ ಮಾಡಸ್ರಿ. ಎದುರು ಮಾತಾಡೋ ಸೊಸಿ ಬಂದ್ರ ತಡಕೋಬಹುದು. ಸುಮ್ಮನ ಕುಂತು ಕೇಳಿ ಬರಕೊಳ್ಳಾಕಿ ನಮಗ ಬ್ಯಾಡ."

ಜೀಪು ಹೋಯಿತು. ಗಿರಣಿಯವರು ಹಂದರದ ಕಂಬ ಹಿಡಿದು ಕುಸಿದರು. ಮುದಗಲ್ಲು ಹೋದದ್ದಕ್ಕಿಂತ ಅವರಿಗೆ ಕೊಡಗಳ ರಾಶಿಯದೇ ಚಿಂತೆ. "ಊರವರ ಆಯೇರಿ ತಗೊಂಡೀನಿ, ಉಣಿಸೀನಿ. ಮಗಳು ಮನ್ಯಾಗ ಹಂಗ ಕುಂತಾಳ. ನಾಳೆ ಹ್ಯಾಂಗ ಮುಖಾ ತೋರಿಸಲಿ?"

ಓಣಿಗೆಲ್ಲ ಹಿರಿಯಳಾದ ಮುದುಕಿಯೊಬ್ಬಳು ಫೈಸಲ್ ಕೊಟ್ಟಳು: "ಕೊಟ್ಟ ಆಯೇರಿ ತಿರುಗಿ ಒಯ್ಯಬಾರದು. ಅಕ್ಷತಿ ಬಿದ್ದಮ್ಯಾಲ ಹುಡುಗಿ ತವರಾಗ ನಿಲ್ಲಬಾರದು. ಇವತ್ತ ಎಲ್ಲಿಗರ ಕಳಿಸಲೇಬೇಕಪಾ."

"ಎಲ್ಲಿಗೆ ಕಳಿಸಲಿ ಬೇ?"

ಹುಡುಗಿ ಅರ್ಜಿ ಹಿಡಿದು ಬಂದು ನಿಂತಿದ್ದಳು. "ಲಿಂಗಸುಗೂರಿಗೆ ಕಳಸಪಾ. ಕಾಲೇಜಿನ ಹಾಸ್ಟೆಲ್ಲಿಗೆ."

ಹೀಗೆ ಗಿರಣಿಯವರು ಎರಡನೇ ದಸ್ಕತ್ ಹಾಕಿದರು. ಮಧ್ಯಾಹ್ನದ ಬಸ್ಸಿನ ಮೇಲೆ ಹನ್ನೊಂದು ಹಿತ್ತಾಳೆ ಕೊಡ, ಎರಡು ಹಂಡೆ, ಒಂದು ಟ್ರಂಕು ಏರಿದವು. ಬಸ್ಸಿನ ಒಳಗೆ ಉಡಿ ತುಂಬಿಸಿಕೊಂಡ ಹುಡುಗಿ, ಬಿಡಲೊಲ್ಲೆವೆಂದು ಹತ್ತಿದ ಎಂಟು ಜನ ಹೆಂಗಸರು, ಅರಿಷಿಣ ತೊಳೆಯಲು ಸಮಯ ಸಿಗದ ನಮ್ಮ ಪ್ರಕಾಶಕರು.

ಹಾಸ್ಟೆಲ್ಲಿನ ವಾರ್ಡನ್ ಬಾಯಿ ಮದುವೆಯಾಗದ ಹಿರಿಯ ಹೆಂಗಸು. ಸೊಂಟದಲ್ಲಿ ಕೀಲಿಗೊಂಚಲು, ಬಾಯಲ್ಲಿ ನಿಯಮಗಳು. ಹುಡುಗಿಯರು ಅವರ ನೆರಳು ಕಂಡರೆ ಪುಸ್ತಕ ತೆರೆಯುತ್ತಾರೆ ಅಂತ ಕೇಳಿದ್ದೆ. ಬಾಗಿಲಲ್ಲಿ ಕೊಡಗಳ ಸಾಲು ನೋಡಿ ಅವರು ದಂಗಾಗಿ ನಿಂತರು. ಬಾಯಿ ತೆರೆಯುವ ಮೊದಲೇ ಗಿರಣಿಯವರು ಮಗಳ ಕೈ ಹಿಡಿದು ಅವರ ಕೈಯಲ್ಲಿಟ್ಟರು.

"ಬಾಯಾರ, ನಮ್ಮ ಕೂಸನ್ನ ನಿಮ್ಮ ಉಡ್ಯಾಗ ಹಾಕೀನಿ. ಏನರ ತಪ್ಪು ಮಾಡಿದ್ರ ನಿಮ್ಮ ಮಗಳಂತ ತಿಳಕೊಂಡು ಹೊಟ್ಯಾಗ ಹಾಕ್ಕೋರಿ."

ಎಂಟೂ ಹೆಂಗಸರು ಒಮ್ಮೆಲೇ ಗೊಳೋ ಎಂದರು. ಈಗ ಬಯ್ಯುತ್ತಾರೆ, ಕೊಡಗಳ ಸಮೇತ ಹೊರಗೆ ಹಾಕುತ್ತಾರೆ ಅಂತ ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ವಾರ್ಡನ್ ಬಾಯಿ ಹುಡುಗಿಯ ಕೈ ಬಿಟ್ಟಿರಲಿಲ್ಲ. ಅವರು ಹುಡುಗಿಯನ್ನು ಪಕ್ಕಕ್ಕೆಳೆದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಗಿರಣಿಯವರಿಗೆ ಹೇಳಿದರು:

"ಅಳಬ್ಯಾಡ್ರಿ ಬೀಗರ. ಪಂಚಮಿಗೆ ಕರಿಯಾಕ ಬರ್ರಿ, ಕಳಸ್ತೀನಿ. ಆದರ ಈಗ ಹೇಳಿರ್ತೀನಿ, ಎರಡು ದಿನಕ್ಕಿಂತ ಹೆಚ್ಚು ತವರಿಗೆ ಬಿಡಾಂಗಿಲ್ಲ."