ಸಾರ್ವಜನಿಕ ಹಿತಾಸಕ್ತಿಯ ಆಣೆವಾರಿ

ಲೋಕದಲ್ಲಿ ಅಳೆಯಲಾಗದ್ದು ಯಾವುದೂ ಇಲ್ಲವೆಂದು ನಂಬಿ ಸಂಬಳ ತೆಗೆದುಕೊಂಡವನು ನಾನು. ಚಳ್ಳಕೆರೆ ತಾಲ್ಲೂಕು ಕಚೇರಿಯ ಗುಮಾಸ್ತನಾಗಿ ನಾನು ಬಾರದ ಮಳೆಯನ್ನು ಅಂಗುಲಗಳಲ್ಲಿ ಬರೆದಿದ್ದೇನೆ, ಬೆಳೆಯದ ಹುಲ್ಲನ್ನು ಹೊರೆಗಳಲ್ಲಿ ಅಂದಾಜು ಮಾಡಿದ್ದೇನೆ, ಉಳ್ಳಾರ್ತಿ ಕಾವಲಿನಲ್ಲಿ ಒಂದು ಕಡೆ ನಿಲ್ಲದ ದನಗಳನ್ನು ಮರದ ಮೇಲೆ ಕುಳಿತು ಎಣಿಸಿದ್ದೇನೆ. ಮರ ಹತ್ತಿದ್ದು ಎಣಿಕೆಯ ಅನುಕೂಲಕ್ಕಾಗಿ ಎಂದು ವರದಿಯಲ್ಲಿ ಬರೆದೆ. ನಿಜವಾದ ಕಾರಣ ಒಂದು ಹೋರಿ. ಇಂಥ ಅನುಭವಸ್ಥನಾದ ನನ್ನನ್ನೂ ಒಂದು ಬೇಸಿಗೆಯಲ್ಲಿ ಒಂದು ಹಾಳೆ ಕಾಗದ ಸೋಲಿಸಿತು.

ಮೇಲಿನಿಂದ ಬಂದ ಸರ್ಕ್ಯುಲರು ಅದು, ಇಂಗ್ಲಿಷಿನಲ್ಲಿತ್ತು. ರಜಕ್ಕೆ ಊರಿಗೆ ಬಂದಿರುವ ಕಾಲೇಜು ವಿದ್ಯಾರ್ಥಿಗಳಲ್ಲಿ ‘ಪಬ್ಲಿಕ್ ಸ್ಪಿರಿಟ್’ ಎಷ್ಟಿದೆಯೆಂದು ಅಳೆದು ತಿಳಿಸತಕ್ಕದ್ದು ಎಂದು ಅದರ ಸಾರಾಂಶ. ನಮ್ಮ ಶಿರಸ್ತೇದಾರರು ಕನ್ನಡಕ ಏರಿಸಿ ಓದಿ, “ಸ್ಪಿರಿಟ್ ಅಂದ್ಮೇಲೆ ಇದು ಅಬ್ಕಾರಿಯವರಿಗೆ ಹೋಗ್ಬೇಕಲ್ರೀ” ಎಂದು ಹೆಂಡ ಸಾರಾಯಿಗಳ ಇಲಾಖೆಗೆ ಅದನ್ನು ಕಳಿಸಿಬಿಟ್ಟರು. ವಾರದ ಮೇಲೆ, “ನಮ್ಮ ಸರಹದ್ದಿನಲ್ಲಿ ಈ ಮಾಲು ಸಿಕ್ಕಿಲ್ಲ” ಎಂಬ ಷರಾದೊಂದಿಗೆ ಕಾಗದ ಹಿಂದಕ್ಕೆ ಬಂತು. ಆಮೇಲೆ ಅಮಲ್ದಾರರು ನನ್ನನ್ನು ಕರೆಸಿ, ಅದು ಸಾರ್ವಜನಿಕ ಹಿತಾಸಕ್ತಿ ಕಣಯ್ಯ ಎಂದು ಬಿಡಿಸಿ ಹೇಳಿದರು.

“ಅದನ್ನ ಯಾತರಲ್ಲಿ ಅಳೀಲಿ ಸ್ವಾಮಿ?”

“ಬೆಳೆ ಅಳೆಯೋದು ಯಾತರಲ್ಲಿ? ಆಣೇಲಿ ತಾನೇ? ಇದನ್ನೂ ಹಂಗೇ ಬರಿ.”

ಹೊಲ ಪೂರಾ ಬೆಳೆದರೆ ಹದಿನಾರಾಣೆ, ಅರ್ಧ ಬೆಳೆದರೆ ಎಂಟಾಣೆ ಎಂದು ಬರೆಯುವುದು ನಮ್ಮ ಕಚೇರಿಯ ಪದ್ಧತಿ. ಹಿತಾಸಕ್ತಿಗೂ ಅದೇ ಸಾಕೆಂದು ತೀರ್ಮಾನವಾಯಿತು. “ಹೆಚ್ಚು ಬರೆದರೆ ಒಳ್ಳೇದೋ, ಕಡಿಮೆ ಬರೆದರೋ?” ಎಂದು ಕೇಳಿದೆ. ಅಮಲ್ದಾರರು ಕಿಟಕಿಯ ಕಡೆ ನೋಡಿದರು. ಅಂಥ ಹುಡುಗರನ್ನು ಸರ್ಕಾರ ಮೆಚ್ಚಲು ಹೊರಟಿದೆಯೋ ಹಿಡಿಯಲು ಹೊರಟಿದೆಯೋ ಸರ್ಕ್ಯುಲರಿನಲ್ಲಿ ಇರಲಿಲ್ಲ. “ನೋಡ್ಕೊಂಡು ಬರಿ” ಎಂದರು. ಯಾರನ್ನು ನೋಡಿಕೊಂಡು ಎಂದು ಹೇಳಲಿಲ್ಲ.

ನಮ್ಮ ಕಡೆಯಿಂದ ಬೆಂಗಳೂರಿನ ಕಾಲೇಜಿಗೆ ಹೋದವರು ಆಗ ಇಬ್ಬರೇ. ಚಳ್ಳಕೆರೆಯ ಕಂಬಳಿ ವ್ಯಾಪಾರಿಯ ಮಗ ತಿಪ್ಪೇಸ್ವಾಮಿ ಒಬ್ಬ. ಮೊಳಕಾಲ್ಮೂರಿನ ನೇಕಾರರ ಬೀದಿಯ ರಾಮಲಿಂಗ ಇನ್ನೊಬ್ಬ. ಆ ಊರಿನ ಕಚೇರಿಯಲ್ಲಿ ಇಂಗ್ಲಿಷ್ ಬಲ್ಲವರು ರಜದ ಮೇಲಿದ್ದುದರಿಂದ ಇಬ್ಬರನ್ನೂ ಅಳೆಯುವ ಭಾಗ್ಯ ನನ್ನದೇ ಆಯಿತು.

ತಿಪ್ಪೇಸ್ವಾಮಿಯನ್ನು ಅಳೆಯುವುದು ಕಷ್ಟವಾಗಲಿಲ್ಲ. ಕಾಗದ ತೋರಿಸಿದ್ದೇ ತಡ, ಎದ್ದು ನಿಂತು ಪೌರಧರ್ಮದ ಮೇಲೆ ಇಂಗ್ಲಿಷಿನಲ್ಲಿ ಒಂದು ಗಂಟೆ ಮಾತಾಡಿದ. ನನಗೆ ಅರ್ಧ ಅರ್ಥವಾಯಿತು, ಉಳಿದರ್ಧಕ್ಕೆ ಗೌರವ ಬಂತು. ಅವನ ಹಿಂದೆ ಅವರಪ್ಪನ ಕಂಬಳಿ ಪಿಂಡಿಗಳು ಬೀದಿಯ ಮುಕ್ಕಾಲು ಪಾಲನ್ನು ಆಕ್ರಮಿಸಿಕೊಂಡಿದ್ದವು. ಒಬ್ಬ ಗಾಡಿಯವನು ದಾರಿ ಸಾಲದೆ ಎತ್ತು ಬಿಚ್ಚಿ ಗಾಡಿಯನ್ನು ಹಿಂದಕ್ಕೆ ನೂಕುತ್ತ ಬಯ್ಯುತ್ತಿದ್ದ. “ಇವನ್ನು ಸ್ವಲ್ಪ ಒಳಗೆ ಹಾಕಿಸಬಾರದೇನಪ್ಪ?” ಎಂದೆ. “ಅದು ನಮ್ಮ ತಂದೆಯವರ ಡಿಪಾರ್ಟ್‌ಮೆಂಟು ಸಾರ್” ಎಂದು ಹೇಳಿ ಭಾಷಣ ಮುಂದುವರಿಸಿದ. ಹದಿನಾಲ್ಕಾಣೆ ಬರೆದುಕೊಂಡೆ. ಕಳೆದ ಎರಡಾಣೆ ಗಾಡಿಯವನ ಪಾಲು.

ಮೊಳಕಾಲ್ಮೂರಿಗೆ ಎತ್ತಿನ ಗಾಡಿಯಲ್ಲಿ ಹೋದೆ. ಎರಡು ದಿನದ ದಾರಿ. ಊರು ತಲುಪುವ ಹೊತ್ತಿಗೆ ಬೆನ್ನುಮೂಳೆಯಲ್ಲಿ ಎಷ್ಟು ಮಣಿಗಳಿವೆಯೆಂದು ಒಂದೊಂದಾಗಿ ಗೊತ್ತಾಗಿತ್ತು. ನೇಕಾರರ ಬೀದಿಯಲ್ಲಿ ಮನೆಮನೆಯಲ್ಲೂ ಮಗ್ಗದ ಸದ್ದು. ಪೇಟ ಸುತ್ತಿ, ಕಾಗದದ ಕಟ್ಟು ಹಿಡಿದು, “ರಾಮಲಿಂಗನ ಮನೆ ಯಾವುದು?” ಎಂದು ಕೇಳಿದೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮಗ್ಗಗಳೆಲ್ಲ ನಿಂತುಹೋದವು.

ಬಾಗಿಲಿಗೆ ಬಂದವರು ಅವನ ತಾಯಿ ಚೌಡಮ್ಮ. ಮನೆಯಲ್ಲಿ ತೆಲುಗು ಮಾತು, ಬೀದಿಯಲ್ಲಿ ಕನ್ನಡ, ಗಾಬರಿಯಾದರೆ ಎರಡೂ.

“ಅಬ್ಬಾಯಿ ಊರಾಗಿಲ್ಲ ಸಾಮಿ. ಯಾಕೆ ಬೇಕಾಗಿತ್ತು?”

“ಏನಿಲ್ಲ ತಾಯಿ. ಅವನು ಸಾರ್ವಜನಿಕ ಕೆಲಸ ಏನೇನು ಮಾಡಿದ್ದಾನೆ ಅಂತ ಬರಕೊಂಡು ಹೋಗ್ಬೇಕು. ಸರ್ಕಾರದ ಹುಕುಂ.”

ಆ ತಾಯಿಯ ಮುಖ ಬಿಳುಚಿತು. “ಅಯ್ಯಯ್ಯೋ! ನಮ್ಮ ಹುಡುಗ ಅಂಥೋನಲ್ಲ ಸಾಮಿ! ಮಂಚಿ ಪಿಲ್ಲೋಡು, ಒಳ್ಳೆ ಹುಡುಗ. ಕಾಲೇಜಿಗೆ ಹೋಗ್ತಾನೆ, ಬರ್ತಾನೆ, ಉಣ್ತಾನೆ, ಮಲಗ್ತಾನೆ. ಸಾರ್ವಜನಿಕ ಗೀರ್ವಜನಿಕ ಏನೂ ಮಾಡಿಲ್ಲ!”

ಅಷ್ಟರಲ್ಲಿ ಬೀದಿಯವರೆಲ್ಲ ಸೇರಿದರು. ಪಕ್ಕದ ಮನೆಯ ಯಜಮಾನರು ಮುಂದೆ ಬಂದು, “ಆಯಮ್ಮ ಹೇಳಿದ್ದು ಖರೆ ಐತೆ ಸ್ವಾಮಿ. ಈ ಬೀದಿ ಬಾವಿ ಹೂಳು ತೆಗೆಸಿದನಲ್ಲ, ಅದು ಅವನಲ್ಲ” ಎಂದರು. ಇನ್ನೊಬ್ಬರು, “ಬಣ್ಣದ ನೀರು ಹೋಗಾಕೆ ಮೋರಿ ತೋಡಿದ ದಿನ ಅವ ಊರಾಗೇ ಇರ್ಲಿಲ್ರೀ” ಎಂದು ಪ್ರಮಾಣ ಮಾಡಿದರು. “ಜಟಿಂಗ ರಾಮೇಶ್ವರದ ಬೆಟ್ಟದ ಮ್ಯಾಲೆ ಕಿತ್ತೋಗಿದ್ದ ಮೆಟ್ಲು ಸರಿ ಮಾಡಿದ್ರಲ್ಲ, ಆ ಗುಂಪಿನಾಗೂ ಇವ ಇರ್ಲಿಲ್ಲ” ಎಂದು ಒಬ್ಬ ಅಜ್ಜಿ. “ನಂಗೆ ಅಕ್ಷರ ಕಲಿಸಿದ್ದೂ ಅವನಲ್ಲ” ಎಂದ ಒಬ್ಬ ಮೀಸೆಯ ನೇಕಾರ. ನಾನು ಕೇಳದೆಯೇ ಎಲ್ಲ ಹೊರಬೀಳುತ್ತಿತ್ತು. ನಮ್ಮ ಕಚೇರಿಯಲ್ಲಿ ಎಷ್ಟೋ ವಿಚಾರಣೆ ನಡೆದಿವೆ, ಇಷ್ಟು ಸಲೀಸಾಗಿ ಸಾಕ್ಷಿ ಸಿಕ್ಕಿದ್ದು ಅದೊಂದೇ ಸಲ.

ಆಮೇಲೆ ತಿಳಿದದ್ದು ಇಷ್ಟು: ಬಳ್ಳಾರಿ ಕಡೆ ಅವರ ನೆಂಟರ ಹುಡುಗನೊಬ್ಬನ ಹೆಸರನ್ನು ಹೀಗೇ ಯಾರೋ ಬರೆದುಕೊಂಡು ಹೋಗಿದ್ದರಂತೆ. ಮುಂದಿನ ತಿಂಗಳು ಕಾಲೇಜಿನವರು ಅವನನ್ನು ಮನೆಗೆ ಕಳಿಸಿದರಂತೆ. ಈ ಬೀದಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ರಾಮಲಿಂಗ ಒಬ್ಬನೇ. ಅವನನ್ನು ಓದಿಸಲು ಅವರಪ್ಪ, ಅಣ್ಣ, ಅತ್ತಿಗೆ ಎಲ್ಲರೂ ಮಗ್ಗಕ್ಕೆ ಕೂತಿದ್ದರು. ನನ್ನ ಕೈಲಿದ್ದ ಕಾಗದ ಅವರ ಕಣ್ಣಿಗೆ ಹೇಗೆ ಕಂಡಿರಬೇಕು! ನಾನೋ, ಹಾಳೆಯ ಅಂಚು ಮುದುಡದಂತೆ ಹಿಡಿದುಕೊಳ್ಳುವುದರಲ್ಲಿ ಮಗ್ನನಾಗಿದ್ದೆ.

ಆಗ ಮನೆಯೊಳಗಿಂದ ದನಿ ಕೇಳಿಸಿತು. “ಅಮ್ಮಾ, ಸಾಕಿನ್ನ!”

ನೇಯುವವರು ಕಾಲು ಇಳಿಬಿಡಲು ಮಗ್ಗದ ಕೆಳಗೊಂದು ಗುಂಡಿ ಇರುತ್ತದಲ್ಲ, ಅದರೊಳಗಿಂದ ಕ್ರಾಪು ಬಿಟ್ಟ ತಲೆಯೊಂದು ಎದ್ದಿತು. ಅರ್ಧ ನೇಯ್ದ ಕೆಂಪು ಸೀರೆಯ ಆಚೆಯಿಂದ ರಾಮಲಿಂಗ ಕೈಮುಗಿದ. “ಬಾವಿ ಹೂಳು ತೆಗೆಸಿದ್ದು ನಾನೇ ಸಾರ್. ಬರಕೊಳ್ಳಿ. ಅಡಗಿಕೊಳ್ಳೋ ಕೆಲಸ ಅಲ್ಲ ಅದು, ಅಮ್ಮ ಕೇಳ್ಲಿಲ್ಲ.”

ಚೌಡಮ್ಮ ಸೆರಗು ಬಾಯಿಗೊತ್ತಿಕೊಂಡರು. ನಾನು ಗಂಭೀರವಾಗಿ, “ಅಲ್ಲಯ್ಯ, ಬಾವಿ ಸರ್ಕಾರದ್ದು. ಅರ್ಜಿ ಕೊಟ್ಟರೆ ಸರ್ಕಾರವೇ ಮಾಡಿಸ್ತಿರಲಿಲ್ವೇ?” ಎಂದೆ.

“ಕೊಟ್ಟಿದ್ವಿ ಸಾರ್” ಎಂದು ಅವನು ಟ್ರಂಕಿನಿಂದ ಒಂದು ಹಳೆಯ ಕಾಗದ ತಂದು ತೋರಿಸಿದ. ಎರಡು ವರ್ಷದ ಹಿಂದಿನದು. ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ, ಅದರ ಕೆಳಗೆ ಗುಮಾಸ್ತರ ಸಹಿ. ದುಂಡಗೆ, ಬಳ್ಳಿ ಸುತ್ತಿದ ಹಾಗೆ, ಬಹಳ ಚೆಲುವಾದ ಸಹಿ. ಆ ವರ್ಷ ಆರು ತಿಂಗಳು ನಾನು ಮೊಳಕಾಲ್ಮೂರು ಕಚೇರಿಯಲ್ಲಿದ್ದೆ ಎಂಬುದನ್ನು ಓದುಗರಿಗೆ ಇದುವರೆಗೆ ಹೇಳಿರಲಿಲ್ಲ. ಹೇಳುವಂಥದ್ದೆಂದು ನನಗೂ ಅನಿಸಿರಲಿಲ್ಲ.

ರಾಮಲಿಂಗ ಆ ಸಹಿಯನ್ನೂ ನನ್ನ ಫಾರಮ್ಮಿನ ತುದಿಯ ಸಹಿಯನ್ನೂ ನೋಡಿದ. “ಇದು ನಿಮ್ದೇ ಅಲ್ವಾ ಸಾರ್?”

“ಅಕ್ಷರ ಹೋಲುತ್ತೆ” ಎಂದೆ.

ಅವನು ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು. ಮಾನ ಉಳಿಸಿಕೊಳ್ಳಲು ಲೇಖನಿ ತೆಗೆದು, “ಹದಿನಾರಾಣೆ ಬರೀತೀನಿ” ಎಂದೆ. ಲೆಕ್ಕದ ರೀತಿ ಏನೆಂದು ಬಿಡಿಸಿ ಹೇಳಿದ ಮೇಲೆ ಚೌಡಮ್ಮ ಚೌಕಾಸಿಗೆ ನಿಂತರು. ಸೀರೆ ಮಾರುವವರ ಬಾಯಲ್ಲಿ ಬೆಲೆ ಮೇಲಕ್ಕೇರುವುದನ್ನು ಕೇಳಿದ್ದೆ, ಇಳಿಯುವುದನ್ನು ಅವತ್ತೇ ಕೇಳಿದ್ದು.

“ಅಷ್ಟು ಬ್ಯಾಡ ಸಾಮಿ. ನಾಲ್ಕು ಬರಕೊಳ್ಳಿ.”

“ತಾಯಿ, ಅದು ಬರಗಾಲದ ಬೆಳೆ ಆಗುತ್ತೆ.”

“ಹೋಗ್ಲಿ, ಎಂಟು ಮಾಡ್ರಿ. ಯಾರ ಕಣ್ಣಿಗೂ ಬೀಳಲ್ಲ.”

ರಾಮಲಿಂಗ “ಅಮ್ಮಾ!” ಎಂದು ತಲೆ ಚಚ್ಚಿಕೊಂಡ. ಕೊನೆಗೆ ಹನ್ನೆರಡಕ್ಕೆ ವ್ಯಾಪಾರ ಕುದುರಿತು. ಹೀಗಾಗಿ ಸರ್ಕಾರದ ದಾಖಲೆಯಲ್ಲಿ ಭಾಷಣದ ತಿಪ್ಪೇಸ್ವಾಮಿ ಇವನಿಗಿಂತ ಎರಡಾಣೆ ಮೇಲಾದ. ಅಳತೆಗಾರನಾಗಿ ನನಗೆ ನಾಚಿಕೆಯಾಗಬೇಕಿತ್ತು. ಚೌಡಮ್ಮ ಕೊಟ್ಟ ಮಂಡಕ್ಕಿ ಒಗ್ಗರಣೆ ಚೆನ್ನಾಗಿತ್ತು, ನಾಚಿಕೆ ಅಷ್ಟಕ್ಕೇ ನಿಂತಿತು.

ಹೊರಡುವಾಗ ರಾಮಲಿಂಗ ಇನ್ನೊಂದು ಕಾಗದ ಮುಂದಿಟ್ಟ. ಬಾವಿಯ ಹತ್ತಿರ ಒಂದು ಬೀದಿದೀಪ ಬೇಕೆಂದು ಪುರಸಭೆಗೆ ಅರ್ಜಿ. ಹಿಂದಿನ ತಿಂಗಳು ಮುಸ್ಸಂಜೆಯಲ್ಲಿ ನೀರು ತರಲು ಹೋದ ಮುದುಕಿಯೊಬ್ಬಳು ಜಾರಿ ಕಾಲು ಮುರಿದುಕೊಂಡಿದ್ದಳು. “ನೀವೂ ಒಂದು ಸಹಿ ಹಾಕಿ ಸಾರ್. ನಿಮ್ಮಂಥೋರ ಹೆಸರು ಇದ್ರೆ ತೂಕ ಬರ್ತೈತೆ.”

ಬೀದಿಯೆಲ್ಲ ನನ್ನ ಕೈಯನ್ನೇ ನೋಡುತ್ತಿತ್ತು. ಸರ್ಕಾರಿ ನೌಕರ ಅರ್ಜಿಗೆ ಸಹಿ ಹಾಕಿದರೆ ಅಮಲ್ದಾರರು ಏನೆಂದಾರು? ಹಾಕದಿದ್ದರೆ ಈ ಬೀದಿ ಏನೆಂದೀತು? ಲೇಖನಿ ಹಿಡಿದೆ, ಅದ್ದಿದೆ, ಬರೆದೆ: ‘ಸುಬ್ಬರಾಯ, ವಯಸ್ಸು ಎಪ್ಪತ್ತೆರಡು’, ಕೆಳಗೆ ನಮ್ಮ ಮನೆಯ ವಿಳಾಸ. ಸುಬ್ಬರಾಯರು ನಮ್ಮ ಮಾವ. ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರಿಗೆ ಅಮಲ್ದಾರರ ಭಯವಿರಲಿಲ್ಲ.

“ಇವರು ಯಾರು ಸಾರ್?” ಎಂದ ರಾಮಲಿಂಗ.

“ನನಗೆ ಬಹಳ ಬೇಕಾದವರು. ಅವರ ಪರವಾಗಿ ನಾನು” ಎಂದು ಹೇಳಿ ಗಾಡಿ ಹತ್ತಿದೆ.

ನನ್ನ ಆಣೆವಾರಿಯನ್ನು ಅಮಲ್ದಾರರು ಓದದೆ ರುಜು ಮಾಡಿ ಮೇಲಕ್ಕೆ ಕಳಿಸಿದರು. ಬಹುಮಾನವೂ ಬರಲಿಲ್ಲ, ಪೊಲೀಸರೂ ಬರಲಿಲ್ಲ. ರಾಮಲಿಂಗ ಮತ್ತೆ ಕಾಲೇಜಿಗೆ ಹೋದ, ಚೌಡಮ್ಮನವರ ಜೀವ ನೆಮ್ಮದಿಯಾಯಿತು. ದಸರೆ ರಜಕ್ಕೆ ಊರಿಗೆ ಬಂದಾಗ ಅವನು ಅರ್ಜಿಯಲ್ಲಿದ್ದ ವಿಳಾಸಕ್ಕೆ ಒಂದು ಕಾಗದ ಬರೆದ. ಅದು ನೇರವಾಗಿ ನನ್ನ ಹೆಂಡತಿಯ ಕೈಗೆ ಸಿಕ್ಕಿತು. ದೀಪ ಮಂಜೂರಾಗಿದೆ, ಅರ್ಜಿದಾರರಲ್ಲೆಲ್ಲ ಹಿರಿಯರಾದ ಸುಬ್ಬರಾಯರೇ ದಯಮಾಡಿಸಿ ಮೊದಲ ದೀಪ ಹಚ್ಚಬೇಕೆಂದು ಬೀದಿಯವರ ಆಸೆ ಎಂದಿತ್ತು.

ಅವಳು ಎರಡು ಸಲ ಓದಿದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಬಯ್ಯುತ್ತಾಳೆಂದು ಕಾದೆ. ಅವಳು ಕಣ್ಣೊರೆಸಿಕೊಂಡು, “ನಮ್ಮಪ್ಪ ಸತ್ತ ಮೇಲೂ ಒಂದೂರಿಗೆ ದೀಪ ಹಾಕಿಸಿದ್ರು. ನೀವು ಬದುಕಿದ್ದು ಏನ್ ಮಾಡಿದ್ರಿ?” ಎಂದಳು.

ಇಬ್ಬರೂ ಮೊಳಕಾಲ್ಮೂರಿಗೆ ಹೋದೆವು. ಹೊತ್ತು ಮುಳುಗುವಾಗ ಅಪ್ಪನ ಪರವಾಗಿ ಅವಳೇ ದೀಪ ಹಚ್ಚಿದಳು. ನೇಕಾರರ ಬೀದಿಯ ಹೆಂಗಸರು ಅವಳಿಗೆ ಕುಂಕುಮ ಕೊಟ್ಟು, ಸುಬ್ಬರಾಯರಂಥ ಪುಣ್ಯಾತ್ಮರು ಇನ್ನು ಹುಟ್ಟುವುದಿಲ್ಲವೆಂದು ಹೊಗಳಿದರು. ನಾನು ಒಂದು ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬಿ ಹಿಡಿದು ನಿಂತಿದ್ದೆ. ಗುಂಪಿನಲ್ಲಿ ಯಾರೋ, “ಡಬ್ಬಿ ಹಿಡಕೊಂಡಿರೋರು ಯಾರು?” ಎಂದು ಕೇಳಿದರು.

“ಯಾರೂ ಅಲ್ಲ, ಆ ದೊಡ್ಡೋರ ಅಳಿಯ” ಎಂದು ಉತ್ತರ ಬಂತು.