ದೊಡ್ಡಮ್ಮ: ಮುಗಿದಿದೆ

ಮಹಾಪೆಯ ನಮ್ಮ ಆಫೀಸಿನಲ್ಲಿ ಹೇಳಿದ್ದನ್ನು ಕಂಪ್ಯೂಟರಿನಲ್ಲಿ ತಾನೇ ಮಾಡಿಕೊಡುವ ಎಐ ಏಜೆಂಟನ್ನು ಬಳಸುವುದು ಹೇಗೆ ಎಂದು ಹೊಸಬರಿಗೆ ಪಾಠ ಹೇಳುವವನು ನಾನೇ. ಏನೇನು ಬದಲಿಸಲಿದೆ ಎಂದು ಅದು ಮೊದಲು ತೋರಿಸಿ ಕೇಳುತ್ತದೆ, ಪೂರ್ತಿ ಓದಿ, ಆಮೇಲೆ ಹೂಂ ಅನ್ನಿ ಎಂದು ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ. ಇಂಥ ಪಂಡಿತನ ಮನೆಯ ಗೃಹಪ್ರವೇಶಕ್ಕೆ ಕೆಲಸದ ಪಟ್ಟಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಇದ್ದರೆ ಮರ್ಯಾದೆಯೇ?

ಕಲ್ಯಾಣದಲ್ಲಿ ನಾವು ಕೊಂಡ ಫ್ಲಾಟಿಗೆ ಭಾನುವಾರ ಹಾಲುಕ್ಕಿಸುವುದಿತ್ತು. ನಾನು ಪಟ್ಟಿಯನ್ನು ಮೊಬೈಲಿಗೆ ಹಾಕಿ, ಏಜೆಂಟನ್ನು ಅದರ ಕಾವಲಿಗೆ ಕೂರಿಸಿದೆ. ಒಂದು ಕೆಲಸ ಮುಗಿದರೆ ಅದಕ್ಕೆ ಹೇಳಿದರಾಯಿತು, ಎಲ್ಲರ ಫೋನಿಗೂ ಸುದ್ದಿ ಹೋಗುತ್ತದೆ. ಎಲ್ಲರೂ ಎಂದರೆ ನನ್ನ ಹೆಂಡತಿ ಶೈಲಾ, ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿರುವ ಅವಳ ತಮ್ಮ ಪ್ರಸಾದ, ಮತ್ತು ನನ್ನ ಜಾಣತನವನ್ನು ನೋಡಲಿ ಎಂದು ನಾನಾಗಿ ಸೇರಿಸಿದ ಉಡುಪಿಯ ಅವಳ ಚಿಕ್ಕಪ್ಪ.

ಶನಿವಾರ ನನ್ನ ಪಾಲಿಗಿದ್ದದ್ದು ಹೊಸ ಫ್ಲಾಟಿಗೆ ಗ್ಯಾಸ್ ಒಲೆ ಹಾಕಿಸುವ ಕೆಲಸ. ಅದನ್ನು ಮುಗಿಸಿ ಡೊಂಬಿವಲಿಯ ಮನೆಗೆ ಬಂದು, ಫ್ಯಾನಿನ ಕೆಳಗೆ ಕೂತು, "ಇವತ್ತಿನ ಕೆಲಸ ಮುಗೀತು, ಅಪ್‌ಡೇಟ್ ಮಾಡು" ಎಂದೆ. ಕನ್ನಡದಲ್ಲಿ ಕೆಲಸ ಒಂದಾದರೂ ಕೆಲಸವೇ, ಹತ್ತಾದರೂ ಕೆಲಸವೇ. ಏಜೆಂಟು ಉದ್ದಕ್ಕೆ ಏನೋ ತೋರಿಸಿ, ಹೀಗೆ ಬದಲಿಸಲೇ ಎಂದು ವಿನಯದಿಂದ ಕೇಳಿತು. ನಾನು ಬಾಳೆಹಣ್ಣು ಸುಲಿಯುತ್ತಿದ್ದೆ. ಹೂಂ ಅಂದೆ.

ಸ್ವಲ್ಪ ಹೊತ್ತಿಗೆ ಶೈಲಾ ಮಾರ್ಕೆಟಿನಿಂದ ಖಾಲಿ ಚೀಲ ಹಿಡಿದು ಬಂದಳು. ಮುಖದಲ್ಲಿ ಮದುವೆಯಾದಾಗಿನಿಂದ ನಾನು ಕಾಣದ ಗೌರವವಿತ್ತು. ಹೂ, ಹಣ್ಣು, ಮಾವಿನೆಲೆ ಎಲ್ಲವನ್ನೂ ನೀವೇ ತರಿಸಿಬಿಟ್ಟಿರಂತೆ, ಅಂಗಡಿಯ ಎದುರು ನಿಂತಾಗ ಮೆಸೇಜು ಬಂತು, ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು.

ಬಾಳೆಹಣ್ಣು ಪಕ್ಕಕ್ಕಿಟ್ಟೆ. ಫೋನು ತೆಗೆದು ನೋಡಿದೆ. ಇಡೀ ದಿನದ ಪಟ್ಟಿಗೆ ಹಸಿರು ಟಿಕ್ ಬಿದ್ದಿತ್ತು. ಎಲ್ಲಕ್ಕಿಂತ ಕೆಳಗೆ, "ದೊಡ್ಡಮ್ಮ: ಮುಗಿದಿದೆ."

ದೊಡ್ಡಮ್ಮ ಎಂದರೆ ಶೈಲಾಳ ತಾಯಿಯ ಅಕ್ಕ. ಮೊಣಕಾಲು ನೋವಿದ್ದರೂ ಈ ಗೃಹಪ್ರವೇಶಕ್ಕೆಂದೇ ಉಡುಪಿಯಿಂದ ಒಬ್ಬರೇ ರೈಲು ಹತ್ತಿದ್ದರು. ಪನ್ವೇಲ್‌ನಲ್ಲಿ ಅವರನ್ನು ಇಳಿಸಿಕೊಳ್ಳುವ ಕೆಲಸ ಪ್ರಸಾದನದ್ದು. ಅವನಿಂದ ಒಂದು ಮೆಸೇಜು ಬಂದು ಬಿದ್ದಿತ್ತು: ನೀವೇ ಹೋದದ್ದು ಒಳ್ಳೆಯದಾಯಿತು ಭಾವ, ನಾನು ಡ್ಯೂಟಿಗೆ ಹೋಗುತ್ತೇನೆ. ಫೋನ್ ಮಾಡಿದರೆ ಎತ್ತಲಿಲ್ಲ. ಊಟದ ಹೊತ್ತಿನ ಗದ್ದಲದಲ್ಲಿ ಅವನ ಫೋನು ಗಲ್ಲಾಪೆಟ್ಟಿಗೆಯೊಳಗೆ ಮಲಗಿರುತ್ತದೆ. ದೊಡ್ಡಮ್ಮನ ಫೋನು ಸ್ವಿಚ್ ಆಫ್. ರೈಲು ಪನ್ವೇಲ್ ತಲುಪಿ ಆಗಿತ್ತು.

ಶೈಲಾ ಕೂಗಾಡಲಿಲ್ಲ. ಅದೇ ಹೆದರಿಕೆಯ ವಿಷಯ. "ಅವರಿಗೆ ಹಿಂದಿ ಬರುವುದಿಲ್ಲ" ಎಂದಷ್ಟೇ ಹೇಳಿ, ಮತ್ತೆ ಚೀಲ ಎತ್ತಿಕೊಂಡು ಮಾರ್ಕೆಟಿಗೆ ಹೊರಟಳು.

ಪನ್ವೇಲ್‌ಗೆ ಸಿಕ್ಕಿದ ಕ್ಯಾಬ್ ಹತ್ತಿದೆ. ಶಿಳ್‌ಫಾಟಾ ಎಂಬ ಕೂಡುರಸ್ತೆಯಲ್ಲಿ ಟ್ರಕ್ಕುಗಳ ನಡುವೆ ಅದು ನಿಂತದ್ದು ನಿಂತೇ ಬಿಟ್ಟಿತು. ಆಗ ಉಡುಪಿಯ ಚಿಕ್ಕಪ್ಪನ ಫೋನು. ಅವರ ದನಿ ನಡುಗುತ್ತಿತ್ತು.

"ಯಾವಾಗ ಹೋದದ್ದು ಮಾರಾಯ್ರೆ? ರೈಲಿನಲ್ಲೇ ಆಯಿತಾ?"

ಯಾರು ಎಂದು ಕೇಳಿದೆ. ದೊಡ್ಡಮ್ಮ, ಮುಗಿದಿದೆ ಎಂದು ನೀವೇ ಕಳಿಸಿದಿರಲ್ಲ ಎಂದು ಅತ್ತರು. ಹಾಗಲ್ಲ, ಅದು ಕರೆತರುವ ಕೆಲಸದ ಹೆಸರು, ನಿಜಕ್ಕೂ ಮುಗಿದಿಲ್ಲ ಎಂದು ಬಿಡಿಸಿ ಹೇಳಿದೆ. ಹಾಗಾದರೆ ದೊಡ್ಡಮ್ಮ ಈಗ ಎಲ್ಲಿದ್ದಾರೆ ಎಂದರು. ಹುಡುಕಲು ಹೊರಟಿದ್ದೇನೆ ಎಂದೆ. ಫೋನ್ ಇಟ್ಟೆ.

ಬೆವರಿದ ಬೆರಳಿನಿಂದ ಏಜೆಂಟಿಗೆ ಬರೆದೆ: ಗ್ಯಾಸ್ ಒಂದನ್ನು ಬಿಟ್ಟು ಬೇರೆಲ್ಲವನ್ನೂ ಮೊದಲಿನಂತೆ ಮಾಡು. ಅದು ಪ್ರತಿಯೊಂದನ್ನೂ ತೋರಿಸಿ ಅಪ್ಪಣೆ ಕೇಳಿತು. ಈ ಸಲ ಕೋರ್ಟಿನ ಕಾಗದ ಓದುವವನಂತೆ ಸಾಲು ಸಾಲಾಗಿ ಓದಿ ಹೂಂ ಅಂದೆ. ತಪ್ಪು ಸರಿಯಾಯಿತು ಎಂಬ ಸಮಾಧಾನದಲ್ಲಿ ಕಣ್ಣು ಮುಚ್ಚಿದೆ. ತಕ್ಷಣ ಎಲ್ಲರಿಗೂ ಸುದ್ದಿ ಹೋಯಿತು: "ದೊಡ್ಡಮ್ಮ: ಬಾಕಿ ಇದೆ." ಚಿಕ್ಕಪ್ಪ ಮತ್ತೆ ಫೋನ್ ಮಾಡಿದರು. ನಾನು ಎತ್ತುವ ಧೈರ್ಯ ಮಾಡಲಿಲ್ಲ.

ಪನ್ವೇಲ್‌ನ ಪ್ಲಾಟ್‌ಫಾರಂ ಖಾಲಿಯಾಗಿತ್ತು. ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿದೆ. ಬೆಂಚುಗಳ ಮೇಲೆ ಯಾರ್ಯಾರೋ ಮಲಗಿದ್ದರು, ದೊಡ್ಡಮ್ಮ ಇರಲಿಲ್ಲ. ಚಹಾದವನನ್ನು ಕೇಳಿದರೆ, ಅಂಥ ಅಜ್ಜಿಯರು ದಿನಾ ಇಳಿಯುತ್ತಾರೆ, ಯಾರನ್ನೆಂದು ನೆನಪಿಟ್ಟುಕೊಳ್ಳಲಿ ಎಂದ. ಯಾರೋ ಟ್ಯಾಕ್ಸಿಯವನ ಹಿಂದೆ ಹೋಗಿರಬಹುದೇ? ರೈಲಿನಲ್ಲೇ ಮುಂದಕ್ಕೆ ಹೋಗಿಬಿಟ್ಟರೇ? ಶೈಲಾಳಿಗೆ ಏನು ಹೇಳಲಿ?

ಆಗ ಧ್ವನಿವರ್ಧಕದಲ್ಲಿ ಮರಾಠಿಯಲ್ಲಿ ನನ್ನ ಹೆಸರು ಕೇಳಿಸಿತು. ಡೊಂಬಿವಲಿಯ ರಘುರಾಮ ಎಲ್ಲಿದ್ದರೂ ಸ್ಟೇಷನ್ ಮಾಸ್ತರರ ಕೋಣೆಗೆ ಬರಬೇಕು, ಅವರ ಮನೆಯ ಹಿರಿಯರು ಕಾಯುತ್ತಿದ್ದಾರೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಹೀಗೆ ಕರೆಯುತ್ತಾರೆ.

ದೊಡ್ಡಮ್ಮ ಅಲ್ಲಿ ಫ್ಯಾನಿನ ಕೆಳಗೆ, ಹಪ್ಪಳದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ರೈಲಿನಲ್ಲಿ ಪರಿಚಯವಾದ ಕಾರ್ಕಳದ ಹುಡುಗಿಯೊಬ್ಬಳು, ಯಾರೂ ಬಾರದ್ದನ್ನು ಕಂಡು, ಅವರನ್ನು ಇಲ್ಲಿಗೆ ಕರೆತಂದು, ಮೊದಲು ಪ್ರಸಾದನ, ಆಮೇಲೆ ನನ್ನ ಹೆಸರು ಕೂಗಿಸಿ ಎಂದು ಮಾಸ್ತರರಿಗೆ ಹೇಳಿ ಹೋಗಿದ್ದಳಂತೆ. ನನ್ನನ್ನು ಕಂಡದ್ದೇ ದೊಡ್ಡಮ್ಮ ಮಾಸ್ತರರ ಕಡೆ ತಿರುಗಿ, ಸಿಕ್ಕಿದ ಎಂಬಂತೆ ತಲೆಯಾಡಿಸಿದರು. ಆಮೇಲೆ ನನಗೆ ನೀರು ಕುಡಿಸಿದರು.

ಭಾನುವಾರ ಹಾಲು ಉಕ್ಕಿತು, ಹೂವೂ ಇತ್ತು, ಹಣ್ಣೂ ಇತ್ತು. ನನಗೆ ಶೈಲಾ ಒಂದೇ ಕೆಲಸ ಕೊಟ್ಟಳು, ಬಾಯಿಮಾತಿನಲ್ಲಿ: ಕೆಳಗೆ ನಿಂತು, ಬಂದವರನ್ನು ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಕರೆತರುವುದು. ಪೂಜೆ ಮುಗಿದ ಮೇಲೆ ಗಾಳಿಗೆಂದು ಕೆಳಗಿಳಿದಿದ್ದ ದೊಡ್ಡಮ್ಮನೂ ಹಿಂತಿರುಗುವಾಗ ನನ್ನ ಲಿಫ್ಟಿಗೇ ಬಂದರು. ನಾನು ಬೆರಳನ್ನು ಗುಂಡಿಯ ಹತ್ತಿರ ಹಿಡಿದು ಏಜೆಂಟಿನಷ್ಟೇ ವಿನಯದಿಂದ ಕೇಳಿದೆ, "ನಾಲ್ಕನೇ ಮಹಡಿಗೇ ತಾನೇ? ಒತ್ತಲಾ?"

ದೊಡ್ಡಮ್ಮ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ನೀವು ಬಿಡಿ ಅಳಿಯಂದಿರೇ" ಎಂದು, ತಾವೇ ಒತ್ತಿದರು.