ಸೊಂಟದ ಮೇಲೆ ಕೈ

ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು ಎಂಬ ಒಂದೇ ಕಾರಣಕ್ಕೆ ಟಚಪ್ಪ ಮೂರು ದೇಶಗಳ ಭದ್ರತೆಗೆ ಕುತ್ತು ತಂದ.

ಹಾಗೆಂದು ಅವನೇನೂ ಗೂಢಚಾರನಲ್ಲ. ನಲವತ್ತೊಂದು ವರ್ಷದ ಅವಿವಾಹಿತ, ದಾರಿಯಲ್ಲಿ ಇರುವೆ ಸಾಲು ಕಂಡರೆ ಅದು ಮುಗಿಯುವ ತನಕ ನಿಂತು ಹೋಗುವ ಪ್ರಾಣಿ. ಮೊದಲು ಫೋಟೋ ಸ್ಟುಡಿಯೋದಲ್ಲಿ ಟಚಪ್ ಕೆಲಸ ಮಾಡುತ್ತಿದ್ದ. ಮೊಡವೆ ಒರೆಸುವುದು, ಬಕ್ಕತಲೆಗೆ ನಾಲ್ಕು ಕೂದಲು ನೆಡುವುದು, ಜಗಳವಾಡಿಕೊಂಡೇ ಸ್ಟುಡಿಯೋ ಹತ್ತಿದ ಗಂಡ ಹೆಂಡಿರ ನಡುವಿನ ಅರ್ಧ ಅಡಿ ಜಾಗವನ್ನು ಕತ್ತರಿಸಿ ಸಂಸಾರ ಕೂಡಿಸುವುದು, ಇವೆಲ್ಲ ಅವನ ಬೆರಳ ತುದಿಯಲ್ಲಿದ್ದವು. ತಾವಾಗಿಯೇ ಮುಖ ತಿದ್ದುವ ಫೋನುಗಳು ಬಂದ ಮೇಲೆ ಸ್ಟುಡಿಯೋಗೆ ಬೀಗ ಬಿತ್ತು. ಟಚಪ್ ಹೋಯಿತು, ಟಚಪ್ಪ ಉಳಿದ.

ಈಗ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನಿಗೆ ಕೆಲಸ. ಹತ್ತು ಕಂಪ್ಯೂಟರು, ಹತ್ತು ಜನ. ಸಮುದ್ರದಾಚೆಯ ಕಂಪನಿಯೊಂದು ಲೋಕದ ಬೀದಿ, ನಿಲ್ದಾಣ, ಸಂತೆಗಳಲ್ಲಿ ಓಡಾಡುವವರ ಫೋಟೋಗಳನ್ನು ಕಳಿಸುತ್ತದೆ. ಒಂದೊಂದನ್ನೂ ಹನ್ನೆರಡು ಸೆಕೆಂಡು ನೋಡಿ ಬಣ್ಣ ಹಚ್ಚಬೇಕು. ನಂಬಬಹುದಾದರೆ ಹಸಿರು, ಇನ್ನೊಮ್ಮೆ ನೋಡಬೇಕಾದರೆ ಹಳದಿ, ತಡೆಯಬೇಕಾದರೆ ಕೆಂಪು. ಈ ಬಣ್ಣಗಳನ್ನು ಕಲಿತ ಯಂತ್ರ ದೊಡ್ಡ ದೊಡ್ಡ ದೇಶಗಳ ಗಡಿ ಬಾಗಿಲಲ್ಲಿ ಕೂತು, ಯಾರು ಒಳಗೆ ಯಾರು ಹೊರಗೆ ಎಂದು ತೀರ್ಮಾನಿಸುತ್ತದೆ. ಫೋಟೋದಲ್ಲಿದ್ದವರನ್ನು ಯಾರೂ ಕೇಳಿರಲಿಲ್ಲ. ಬಣ್ಣ ಹಚ್ಚುವವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. "ಮನಸ್ಸಿಗೆ ಬಂದ ಹಾಗೆ ಹಚ್ಚಿ, ಆದರೆ ಬೇಗ ಹಚ್ಚಿ" ಎಂಬುದೇ ತರಬೇತಿ.

ಟಚಪ್ಪನ ಮನಸ್ಸಿಗೆ ಬಂದದ್ದು ಅಮ್ಮ. ಒಂದು ಕೈ ಸೊಂಟದ ಮೇಲಿಟ್ಟು, ಹುಬ್ಬು ಗಂಟಿಕ್ಕಿ ನಿಂತ ಯಾವ ಹೆಂಗಸನ್ನು ಕಂಡರೂ ಅವನ ಬೆರಳು ತಾನಾಗಿ ಹಸಿರಿಗೆ ಹೋಗುತ್ತಿತ್ತು. ಹೀಗೆ ಎರಡು ವರ್ಷದಲ್ಲಿ ಹನ್ನೊಂದು ಸಾವಿರ ಹೆಂಗಸರು ಹಸಿರಾದರು. ಕೋಣೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ತಮಾಷೆ.

ಆ ದಿನ ಬೆಳಿಗ್ಗೆ ಅವನು ಕುರ್ಚಿ ಎಳೆದುಕೊಳ್ಳುವ ಮೊದಲೇ ಗೋಡೆಯ ದೊಡ್ಡ ಪರದೆಯಲ್ಲಿ ಸಾಹೇಬರು ಕಾಣಿಸಿಕೊಂಡರು. ಸಮುದ್ರದಾಚೆಯ ಸಾಹೇಬರು. ಅವರು ತಮ್ಮ ಭಾಷೆಯಲ್ಲಿ ಮಾತಾಡಿದರೆ ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸುತ್ತಿತ್ತು. ಯಂತ್ರದ ಕನ್ನಡವೋ, ಇಸ್ತ್ರಿ ಹಾಕಿದ ಬನಿಯನ್ನಿನ ಹಾಗೆ.

"ಪ್ರಿಯ ಸಹಯೋಗಿಗಳೇ, ನಾನು ಅತೀವ ಅಪ್ರಸನ್ನತೆಯನ್ನು ಹೊಂದಿದವನಾಗಿ ನಿಮ್ಮ ಮುಂದೆ ಉಪಸ್ಥಿತನಿದ್ದೇನೆ."

ಆದದ್ದು ಇಷ್ಟು. ಮೂರು ದೇಶಗಳು ಸೇರಿ ಆ ಯಂತ್ರವನ್ನು ಕೊಂಡಿದ್ದವು. ಪರೀಕ್ಷೆಗೆಂದು ಅವರು ಒಬ್ಬ ಕುಸ್ತಿ ಪೈಲ್ವಾನನಿಗೆ ಲಂಗ ತೊಡಿಸಿ, ತಲೆಗೆ ವಸ್ತ್ರ ಕಟ್ಟಿ, ಬೇರೆ ಬೇರೆ ಭಂಗಿಯಲ್ಲಿ ಗಡಿಗೆ ಕಳಿಸಿದರು. ಕೈ ಕಟ್ಟಿ ಬಂದಾಗ ಬಾಗಿಲು ಮುಚ್ಚಿತು. ಕೈ ಬೀಸಿ ಬಂದಾಗ ಗಂಟೆ ಹೊಡೆದುಕೊಂಡಿತು. ಬಿಸಿಲಲ್ಲಿ ನಿಂತು ಸಾಕಾಗಿ ಪೈಲ್ವಾನ ಸೊಂಟದ ಮೇಲೆ ಕೈಯಿಟ್ಟು ಗುರ್ರೆಂದದ್ದೇ, ಬಾಗಿಲು ತೆರೆದು 'ಸ್ವಾಗತ' ಎಂದಿತು. ಒಂದು ಸಲವಲ್ಲ, ಮೂರೂ ದೇಶಗಳಲ್ಲಿ.

ಹನ್ನೊಂದು ಸಾವಿರ ಹೆಂಗಸರನ್ನೂ ಸಂಜೆ ಐದರೊಳಗೆ ಕೆಂಪು ಮಾಡಬೇಕು, ಇಲ್ಲವಾದರೆ ಈ ಕೋಣೆ ಮುಚ್ಚಿ ಕೆಲಸವನ್ನು ಬೇರೆ ಖಂಡಕ್ಕೆ ಕೊಡಲಾಗುವುದು ಎಂದು ಸಾಹೇಬರು ಮಾಯವಾದರು.

ಕೋಣೆಯ ಮೇಲ್ವಿಚಾರಕನನ್ನು ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ಹಿಂದೆ ಮದುವೆ ಮೆರವಣಿಗೆಯ ಬ್ಯಾಂಡ್ ಮಾಸ್ತರ್ ಆಗಿದ್ದವನು. ಈಗಲೂ ಸಿಟ್ಟು ಬಂದರೆ ಎಡಗೈಯಲ್ಲಿ ತಾಳ ಹಾಕುತ್ತಾನೆ. ತಲೆಗೆ ಸಾವಿರದ ನೂರರಂತೆ ಫೋಟೋ ಹಂಚಿ, ಟಚಪ್ಪನ ಹತ್ತಿರ ಬಂದು ಮೇಜಿನ ಮೇಲೆ ತಾಳ ಹಾಕಿದ.

"ನಿನ್ನಮ್ಮನ್ನ ಮನೇಲಿ ಪ್ರೀತಿ ಮಾಡು, ಮಾರಾಯ. ಗಡೀಲಿ ಯಾಕೆ?"

ಒಂಬತ್ತು ಮೇಜುಗಳಲ್ಲಿ ಟಕಟಕ ಶುರುವಾಯಿತು. ಟಚಪ್ಪ ತನ್ನ ಮೊದಲ ಫೋಟೋ ತೆರೆದ. ಯಾವುದೋ ನಿಲ್ದಾಣ. ಹೆಗಲಿಗೆ ಚೀಲ, ಸೊಂಟದ ಮೇಲೆ ಕೈ, ಕಣ್ಣು ದೂರದ ತಿರುವಿನ ಮೇಲೆ. ಹನ್ನೆರಡು ಸೆಕೆಂಡು ಹೋಯಿತು. ಮತ್ತೆ ಹನ್ನೆರಡು.

"ಒತ್ತೋ," ಎಂದಳು ಪಕ್ಕದ ಮೇಜಿನ ಅಕ್ಕ. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ನೆತ್ತಿಯ ಮೇಲೆ ಇಟ್ಟುಕೊಳ್ಳುತ್ತಿದ್ದುದರಿಂದ ಕೋಣೆಯಲ್ಲಿ ಅವಳಿಗೆ ನಾಲ್ಕು ಕಣ್ಣಿನಕ್ಕ ಎಂದೇ ಹೆಸರು.

"ಇವ್ಳು ಯಾರಿಗೋ ಕಾಯ್ತಿದಾಳೆ ಅಕ್ಕಾ. ಅವನು ತಡ ಮಾಡಿದಾನೆ. ಬಂದ ಕೂಡ್ಲೆ ಬೈತಾಳೆ, ಆಮೇಲೆ ಚೀಲದಿಂದ ತಿನ್ನೋಕೆ ಏನಾದ್ರೂ ತೆಗೆದು ಕೊಡ್ತಾಳೆ. ಇವಳನ್ನ ಹೇಗೆ ತಡೆಯೋದು?"

ಅಕ್ಕನಿಗೆ ಇಬ್ಬರು ಓದುವ ಮಕ್ಕಳು. ಕೋಣೆ ಮುಚ್ಚಿದರೆ ಗತಿ ಏನೆಂದು ನಾಲ್ಕು ಕಣ್ಣಲ್ಲೂ ನೀರು ತಂದುಕೊಂಡಳು. ಟಚಪ್ಪ ಮುಖ ತೊಳೆದು ಬರುತ್ತೇನೆಂದು ಎದ್ದು ಹೋದ. ಅವನು ಅರ್ಧ ಗಂಟೆ ಬಿಟ್ಟು ವಾಪಸು ಬರುವಷ್ಟರಲ್ಲಿ ಅಕ್ಕ, ಪಾಪ, ಉಪಕಾರವೆಂದು ಅವನ ಮೇಜಿನಲ್ಲಿ ನಾನೂರು ಹೆಂಗಸರನ್ನು ಕೆಂಪು ಮಾಡಿ ಮುಗಿಸಿದ್ದಳು.

ಕೆಂಪು ಚೌಕಟ್ಟಿನಲ್ಲಿ ನಾನೂರು ಅಮ್ಮಂದಿರು. ಟಚಪ್ಪ ಕುರ್ಚಿಯನ್ನೂ ಎಳೆದುಕೊಳ್ಳದೆ ಮೇಜಿನ ಮೇಲೆ ಬಗ್ಗಿದ. ಬಣ್ಣಗಳನ್ನು ಒಂದೇ ಏಟಿಗೆ ಅದಲುಬದಲು ಮಾಡುವ ಗುಂಡಿಯೊಂದಿತ್ತು. ಎರಡು ವರ್ಷದಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಅವನು ಮುಟ್ಟಿದ. ಮುಟ್ಟುವ ಅವಸರದಲ್ಲಿ ಪಕ್ಕದ ಕಡತ ತೆರೆದುಕೊಂಡದ್ದನ್ನು ಗಮನಿಸಲಿಲ್ಲ. ಅದು ಗಡಿ ಕಾಯುವ ಸಮವಸ್ತ್ರದ ಪೊಲೀಸರ ಕಡತ. ಹಸಿರಾಗಿದ್ದ ಅವರೆಲ್ಲ ಕೆಂಪಾದರು.

ಹತ್ತು ನಿಮಿಷದಲ್ಲಿ ಮೂರು ದೇಶಗಳ ಗಡಿ ಪೊಲೀಸರು ಚಹಾ ಕುಡಿಯಲು ಹೊರಗೆ ಹೋದವರು ಒಳಗೆ ಬರಲಾಗದೆ ತಮ್ಮದೇ ಬಾಗಿಲುಗಳ ಮುಂದೆ ಸಾಲುಗಟ್ಟಿದರು. ಒಂದು ಕಡೆ ಹಿರಿಯ ಅಧಿಕಾರಿಯೊಬ್ಬ ಬೇಲಿ ಹತ್ತಲು ಹೋಗಿ ಪ್ಯಾಂಟು ಹರಿದುಕೊಂಡನಂತೆ. ಇದನ್ನೆಲ್ಲ ಮಾಸ್ತರ್ ಫೋನಿನಲ್ಲಿ ಕೇಳಿಸಿಕೊಳ್ಳುತ್ತ, ಎರಡೂ ಕೈಯಲ್ಲಿ ತಾಳ ಹಾಕುತ್ತಿದ್ದ.

ಸುದ್ದಿ ಮೆಟ್ಟಿಲಿಳಿಯಿತು. ಕೆಳಗಿನ ಟೈರ್ ಅಂಗಡಿಯವನು ಊರ ಸುದ್ದಿಗೆಲ್ಲ ಗಾಳಿ ತುಂಬುವವನು. ಅವನು ಕೂಡಲೇ ಟಚಪ್ಪನ ಮನೆಗೆ ಫೋನು ಮಾಡಿ, ನಿಮ್ಮ ಮಗ ಮೂರು ದೇಶ ಹಾಳು ಮಾಡಿದಾನಂತೆ, ಬೇಗ ಬನ್ನಿ ಎಂದ. ಮೂರು ದೇಶದ ಮಾತು ಅಮ್ಮನಿಗೆ ಅಷ್ಟು ನಾಟಲಿಲ್ಲ. ಮಗ ಬೆಳಿಗ್ಗೆ ಊಟದ ಡಬ್ಬಿ ಮರೆತು ಹೋಗಿದ್ದ, ಹೇಗೂ ಹೋಗಬೇಕಿತ್ತು.

ಅವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಾಗ ಗೋಡೆಯ ಮೇಲೆ ಸಾಹೇಬರು ಮತ್ತೆ ಬಂದಿದ್ದರು. ಮುಖ ಟೊಮೇಟೊ. ಕೋಣೆಯನ್ನು ಈ ಕ್ಷಣವೇ ಮುಚ್ಚುವುದಾಗಿಯೂ, ತಪ್ಪಿತಸ್ಥನು ಪರದೆಯ ಮುಂದೆ ನಿಲ್ಲಬೇಕೆಂದೂ ಯಂತ್ರ ಹೇಳುತ್ತಿತ್ತು. ಟಚಪ್ಪ ನಿಂತ. ಹನ್ನೊಂದು ಸಾವಿರವನ್ನೂ ನಾನೊಬ್ಬನೇ ಹಚ್ಚಿದ್ದು, ಇವರಿಗೆ ಕೆಲಸ ಇರಲಿ, ನನ್ನನ್ನು ಕಳಿಸಿಬಿಡಿ, ಆದರೆ ಆ ಹೆಂಗಸರನ್ನು ಮಾತ್ರ ನನ್ನ ಕೈಯಲ್ಲಿ ಕೆಂಪು ಮಾಡಲು ಆಗುವುದಿಲ್ಲ ಎಂದು ತೊದಲಿದ.

ಅಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಅಕ್ಕನನ್ನು ಕೇಳಿ ವಿಷಯ ತಿಳಿದುಕೊಂಡಳು. ಆಮೇಲೆ ಪರದೆಯ ಮುಂದೆ ಹೋಗಿ, ಅಭ್ಯಾಸದಂತೆ ಸೊಂಟದ ಮೇಲೆ ಕೈಯಿಟ್ಟಳು.

"ಏನಪ್ಪಾ, ಹೀಗೆ ನಿಂತ್ರೆ ಕಳ್ಳರಾ? ಬೆಳಿಗ್ಗೆ ಎದ್ದಾಗಿನಿಂದ ಬಗ್ಗಿ ಬಗ್ಗಿ ಕೆಲಸ ಮಾಡಿದ್ರೆ ಸೊಂಟ ಹಿಡ್ಕೊಳುತ್ತೆ. ಅದಕ್ಕೆ ಕೈ ಕೊಡ್ತೀವಿ. ಇನ್ಯಾರು ಕೊಡ್ತಾರೆ ನಮ್ಗೆ ಕೈ? ಬಾಗ್ಲಲ್ಲಿ ನಿಂತು ಮಕ್ಕಳಿಗೆ ಕಾಯೋಳು ಹೀಗೇ ನಿಲ್ಲೋದು. ನಿನಗೂ ಒಬ್ಳು ಕಾದಿರ್ಬೇಕಲ್ಲ, ಎಲ್ಲೋ."

ಯಂತ್ರ ಇದನ್ನು ಆ ಕಡೆಗೆ ಏನೆಂದು ತಿರುಗಿಸಿತೋ. ಸಾಹೇಬರು ಕನ್ನಡಕ ತೆಗೆದರು. ಅವರ ಹಿಂದಿನ ಕಿಟಕಿಯಲ್ಲಿ ಆಗತಾನೆ ಬೆಳಕು ಹರಿಯುತ್ತಿತ್ತು. ಮಾತಾಡಿದಾಗ ದನಿ ಸಣ್ಣದಾಗಿತ್ತು.

"ನನ್ನ ಜನನಿಯೂ ಇದೇ ಭಂಗಿಯಲ್ಲಿ ನಿಲ್ಲುವ ವಾಡಿಕೆಯನ್ನು ಹೊಂದಿದ್ದರು," ಎಂದಿತು ಯಂತ್ರ. "ಶಾಲಾ ವಾಹನದ ನಿಲುಗಡೆಯಲ್ಲಿ."

ಆ ಇಸ್ತ್ರಿ ಕನ್ನಡಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಮಾಸ್ತರ್ ಕೈ ತಾಳ ಮರೆಯಿತು.

ತೀರ್ಪು ಬಂತು. ಸೊಂಟದ ಮೇಲೆ ಕೈಯಿಟ್ಟವರು, ಗಡಿ ಪೊಲೀಸರು, ಎಲ್ಲರೂ ಮತ್ತೆ ಹಸಿರಾಗಲಿ. ಪೈಲ್ವಾನರನ್ನು ಹಿಡಿಯಲು ಬೇರೆ ಉಪಾಯ ಹುಡುಕೋಣ. ಕೋಣೆ ಮುಚ್ಚುವುದಿಲ್ಲ. ಟಚಪ್ಪನ ಕೆಲಸವೂ ಉಳಿಯುತ್ತದೆ. ಸಾಹೇಬರ ಮನಸ್ಸು ಎಷ್ಟು ಕರಗಿತ್ತೆಂದರೆ, ಒಂದು ಉಡುಗೊರೆಯನ್ನೂ ಕೊಟ್ಟರು: ಇಪ್ಪತ್ತೆರಡು ದೇಶಗಳು ಸಾಲು ನಿಂತು ಕೊಳ್ಳುತ್ತಿರುವ ಆ ಯಂತ್ರವನ್ನು, ಅದಕ್ಕೆ ಕಲಿಸಿದ ಈ ಕೋಣೆಯ ಬಾಗಿಲಿಗೂ ಪುಕ್ಕಟೆಯಾಗಿ ಜೋಡಿಸುವುದು. ಅವರು ಅಲ್ಲಿ ಏನೋ ಒತ್ತಿದರು. ಇಲ್ಲಿ ಬಾಗಿಲ ಮೇಲಿನ ಕ್ಯಾಮೆರಾ ಕಣ್ಣು ಬಿಟ್ಟಿತು.

ಸಂತೋಷಕ್ಕೆ ಟೈರ್ ಅಂಗಡಿಯವನು ಎಲ್ಲರನ್ನೂ ಕೆಳಗೆ ಕರೆದು ಚಹಾ ಕೊಡಿಸಿದ. ಮೂರು ದೇಶ ಗೆದ್ದ ಮಗ ಎಂದು ಈಗ ಸುದ್ದಿಗೆ ಬೇರೆ ಗಾಳಿ ಹೊಡೆದ. ಅಮ್ಮ ಮಗನ ಕಾಲರ್ ಸರಿಮಾಡಿದಳು. ಕುಡಿದು, ಬಾಕಿ ಕೆಲಸಕ್ಕೆಂದು ಎಲ್ಲರೂ ಮೇಲೆ ಹತ್ತಿದರು. ಮಾಸ್ತರ್‌ಗೆ ಹಸಿರು ದೀಪ, ಬಾಗಿಲು ತೆರೆಯಿತು. ಅಕ್ಕನಿಗೆ ಹಸಿರು. ಒಬ್ಬೊಬ್ಬರಾಗಿ ಎಲ್ಲರಿಗೂ ಹಸಿರು. ಅಮ್ಮನಿಗಂತೂ ಸೊಂಟಕ್ಕೆ ಕೈ ಹೋಗುವ ಮೊದಲೇ 'ಸ್ವಾಗತ'.

ಕಡೆಯಲ್ಲಿ ಟಚಪ್ಪ. ಕೆಂಪು.

ರೆಪ್ಪೆ ಬಡಿದೆನೇನೋ ಎಂದುಕೊಂಡು ಮತ್ತೆ ನಿಂತ. ಕೆಂಪು. ತಲೆ ಬಾಚಿಕೊಂಡು ನಿಂತ, ಹಲ್ಲು ಕಿರಿದು ನಿಂತ, ಅಕ್ಕ ಒಳಗಿನಿಂದ ಹೇಳಿದಂತೆ ಪಕ್ಕಕ್ಕೆ ತಿರುಗಿ ನಿಂತ. ಪ್ರತಿ ಸಲವೂ ಬಾಗಿಲ ಅಗುಳಿ ಕಟಕ್ಕೆಂದಿತು. ಅಮ್ಮ ಒಳಗಿನಿಂದ ಬಾಗಿಲು ತೆರೆಸಿದರೆ, ಅವನು ಹೆಜ್ಜೆಯಿಟ್ಟ ಕೂಡಲೇ ಅದು ಮುಚ್ಚಿಕೊಳ್ಳುತ್ತಿತ್ತು.

ಮಾಸ್ತರ್ ದಾಖಲೆ ತೆಗೆದು ನೋಡಿದ. ತಲೆ ತಗ್ಗಿಸಿದ, ಎರಡು ದಿನದ ಗಡ್ಡದ, ಹೆಗಲು ಜೋತ, ಯಾರ ಕಣ್ಣನ್ನೂ ನೋಡದೆ ನೆಲ ನೋಡುತ್ತ ನಿಂತ ಗಂಡಸರ ಒಂಬತ್ತು ಸಾವಿರ ಫೋಟೋಗಳಿದ್ದವು. ಒಂದೊಂದೂ ಕೆಂಪು. ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ಅಷ್ಟನ್ನೂ ಕೆಂಪು ಮಾಡಿದವನು ಟಚಪ್ಪನೇ.

ಅಮ್ಮ ಹೊರಗೆ ಬಂದು ಕೇಳಿದಳು, "ಯಾಕೋ ಹಾಗೆ ಹಚ್ಚಿದೆ? ಏನು ಮಾಡಿದ್ರು ಅವರು ನಿಂಗೆ?"

ಟಚಪ್ಪ ಚಪ್ಪಲಿಯ ತುದಿ ನೋಡಿದ. "ನನ್ನ ಹಾಗೇ ಕಾಣ್ತಿದ್ರು ಅಮ್ಮ. ಇಂಥವರನ್ನ ಯಾರು ನಂಬ್ತಾರೆ ಅನ್ನಿಸ್ತು."

ಅವನೇ ಕೂತು ಅವರನ್ನೆಲ್ಲ ಹಸಿರು ಮಾಡಬಹುದಿತ್ತು. ಆದರೆ ಕೆಂಪಾದವರು ಕೋಣೆಯಲ್ಲಿ ಕೂರುವಂತಿಲ್ಲ, ಬಣ್ಣ ಮುಟ್ಟುವಂತಿಲ್ಲ, ಅವರು ಹಚ್ಚಿದ್ದನ್ನು ಸಾಹೇಬರ ಅಪ್ಪಣೆಯಿಲ್ಲದೆ ಬೇರೆಯವರು ತಿದ್ದುವಂತಿಲ್ಲ ಎಂಬ ನಿಯಮವಿತ್ತು. ಸಾಹೇಬರು ಉಪಾಹಾರಕ್ಕೆ ಹೋದವರು ಸಿಗಲಿಲ್ಲ. ಉಳಿದದ್ದು ತಕರಾರು ಹಾಕುವ ದಾರಿ ಒಂದೇ. ತಕರಾರು ಬಂದ ಫೋಟೋವನ್ನು ಪರಿಚಯದವರು ನೋಡಬಾರದು. ಬೇರೆ ಖಂಡದಲ್ಲಿ ಇಂಥದೇ ಕೋಣೆಯೊಂದರಲ್ಲಿ ಕೂತ ಅಪರಿಚಿತನೊಬ್ಬ ನೋಡಿ ಬಣ್ಣ ಹಚ್ಚುತ್ತಾನೆ. ಅದೇ ಕಡೆಯ ಮಾತು. ಮಾಸ್ತರ್ ಬಾಗಿಲಲ್ಲಿ ನಿಂತ ಟಚಪ್ಪನ ಫೋಟೋವನ್ನು ಕಳಿಸಿದ.

ತಾಯಿ ಮಗ ಮೆಟ್ಟಿಲ ಮೇಲೆ ಕೂತರು. ಅಮ್ಮ ಒಳಗಿನ ಮೇಜಿನಿಂದ ತಂದಿದ್ದ ಡಬ್ಬಿ ಬಿಚ್ಚಿ ಅವನ ಮಡಿಲಿಗಿಟ್ಟಳು. ಆರಿಹೋಗಿತ್ತು. ಅವನು ತಿನ್ನತೊಡಗಿದ.

"ನಲವತ್ತೊಂದು ವರ್ಷ ಬರೀ ಬೈದೆ ಕಣೋ," ಎಂದಳು ಅಮ್ಮ, ಬೀದಿಯ ಕಡೆ ನೋಡುತ್ತ. "ನೀನು ಒಳ್ಳೆಯವನು ಅಂತ ಬಾಯಿ ಬಿಟ್ಟು ಒಂದ್ಸಲನೂ ಹೇಳ್ಲಿಲ್ಲ. ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಟಚಪ್ಪನ ಬೆನ್ನು ತಾನಾಗಿ ಸ್ವಲ್ಪ ನೆಟ್ಟಗಾಯಿತು. ಈಗ ಫೋಟೋ ತೆಗೆದಿದ್ದರೆ ಚೆನ್ನಾಗಿತ್ತು ಎಂದು ಅಕ್ಕ ಗಾಜಿನಾಚೆಯಿಂದ ನೋಡಿ ಅಂದುಕೊಂಡಳು.

ಒಳಗೆ ಎಲ್ಲರೂ ಮಾಸ್ತರ್ ಬೆನ್ನ ಹಿಂದೆ ಸೇರಿ ಸೆಕೆಂಡು ಎಣಿಸುತ್ತಿದ್ದರು. ಎಲ್ಲೋ ದೂರದಲ್ಲಿ, ಹೆಸರು ಗೊತ್ತಿಲ್ಲದ ಒಬ್ಬ, ಹೆಸರು ಗೊತ್ತಿಲ್ಲದ ಟಚಪ್ಪನನ್ನು ನೋಡುತ್ತಿದ್ದ. ಹತ್ತು. ಹನ್ನೊಂದು. ಅವನು ಹನ್ನೆರಡೂ ಸೆಕೆಂಡು ತೆಗೆದುಕೊಂಡ.

ಮಾಸ್ತರ್ ಹೊರಗೆ ಬಂದ. ಅವನ ಕೈಗಳು ಸುಮ್ಮನಿದ್ದವು.

"ಕೆಂಪು," ಎಂದ.

ಅಮ್ಮ ಮಗನ ಬೆನ್ನ ಮೇಲೆ ಕೈಯಾಡಿಸುತ್ತ, ಸಮುದ್ರ ಯಾವ ದಿಕ್ಕಿಗಿದೆಯೋ ಆ ಕಡೆ ನೋಡಿದಳು.

"ಪಾಪ," ಎಂದಳು. "ಅವನಿಗೂ ಯಾರೂ ಹೇಳಿಲ್ಲ ಅನ್ಸುತ್ತೆ."